12ರ ಮಿಕ್ಸ್ ಬಾಕ್ಸ್: ಎಷ್ಟು ಬಗೆ ಹಾಕಬೇಕು, ಯಾವುದು ಎಷ್ಟೆಷ್ಟು?

ಪ್ರಶ್ನೆ:
ಐದು ಜನ ಕೂತು ರುಚಿ ನೋಡೋದಕ್ಕೆ 12 ಬಿಯರಿನ ಒಂದು ಮಿಕ್ಸ್ ಬಾಕ್ಸ್ ಬೇಕು, ಎಲ್ಲವೂ 330 ಮಿ.ಲೀ. ಇಬ್ಬರಿಗೆ ಕಹಿ ಅಂದ್ರೆ ಪ್ರಾಣ, ಒಬ್ಬರಿಗೆ ಕಹಿ ಸೇರೋದೇ ಇಲ್ಲ, ಉಳಿದಿಬ್ಬರು ಲಾಗರ್ (ತಂಪಿನಲ್ಲಿ ಹುದುಗಿಸುವ ಮಾಮೂಲಿ ಬಿಯರ್) ಬಿಟ್ಟು ಬೇರೆ ಮುಟ್ಟಿದವರಲ್ಲ. ರೆಡಿಮೇಡ್ ವೆರೈಟಿ ಪ್ಯಾಕ್ ತಗೊಳ್ಳೋದೋ, ಬಿಡಿಯಾಗಿ ಆರಿಸಿ ಕಟ್ಟೋದೋ? 12ಕ್ಕೆ 12 ಬೇರೆ ಬೇರೆ ಇರಲೋ, 4 ಬಗೆ ತಲಾ 3 ಸಾಕೋ? ಕಟ್ಟಿ ಗೊತ್ತಿರುವವರು ಹೇಳಿ.

ನೊರೆಲೆಕ್ಕ:
ಮೊದಲು ಭಾಗಾಕಾರ ಮಾಡಿ. 12 ಬೇರೆ ಬೇರೆ ಹಾಕಿದರೆ ಒಂದೊಂದರಲ್ಲಿ ತಲೆಗೆ 66 ಮಿ.ಲೀ. ನೊರೆ ಕಳೆದರೆ ಎರಡು ಗುಟುಕು. ಮೊದಲ ಗುಟುಕಿನಲ್ಲಿ ಹಿಂದಿನ ಬಿಯರಿನ ರುಚಿ ನಾಲಿಗೆ ಮೇಲೆ ಇನ್ನೂ ಕೂತಿರುತ್ತೆ, ಎರಡನೆಯದು ಹೊತ್ತಿಗೆ ಗ್ಲಾಸೇ ಖಾಲಿ. ಯಾರಿಗೂ ಯಾವುದೂ ನೆನಪುಳಿಯಲ್ಲ.

6 ಬಗೆ ತಲಾ 2 ಅಂದರೆ 132 ಮಿ.ಲೀ. ರುಚಿ ನೋಡೋಕೆ ಇಷ್ಟು ಧಾರಾಳ. ಆದರೆ ಅಲ್ಲಿಗೆ ಎಲ್ಲಾ ಮುಗೀತು, ಇಷ್ಟಪಟ್ಟವರಿಗೆ ಇನ್ನೊಂದು ಉಳಿಯಲ್ಲ. 4 ಬಗೆ ತಲಾ 3 ಇದ್ದರೆ ಎರಡನ್ನು ಒಡೆದು ಐವರಿಗೂ ಹಂಚಬಹುದು, ಮೂರನೆಯದು ಮೆಚ್ಚಿದವರ ಪಾಲು. ಆ ಮೂರನೇ ಕ್ಯಾನ್‌ಗೋಸ್ಕರವೇ ಪ್ಯಾಕ್ ಕಟ್ಟಬೇಕು ಅನ್ನೋದು ನನ್ನ ವಾದ.

ಹಾಗಂತ ಸಮಪಾಲು ಹಾಕಲೇಬೇಕು ಅಂತಿಲ್ಲ. ಫ್ಯಾಕ್ಟರಿಯವರು 3-3-3-3 ಹಾಕೋದು ಪೆಟ್ಟಿಗೆ ತುಂಬೋಕೆ ಸಲೀಸು ಅಂತ. ನಿಮ್ಮ ಗುಂಪಿಗೆ 4-3-3-2 ಸರಿಹೋಗುತ್ತೆ. ಎಲ್ಲರಿಗೂ ಒಗ್ಗೋದು 4, ತೀರಾ ಬೇರೆ ಥರದ್ದು 2.

ಕಹಿಪ್ರಿಯ:
ಸಂಖ್ಯೆ ಸರಿ, ಆದರೆ ಆ ನಾಲ್ಕು ಯಾವುವು ಅನ್ನೋದೇ ದೊಡ್ಡ ಪ್ರಶ್ನೆ. ಅಂಗಡಿಯ ಎಷ್ಟೋ ವೆರೈಟಿ ಪ್ಯಾಕ್‌ಗಳಲ್ಲಿ ವೆರೈಟಿ ಇರೋದು ಲೇಬಲ್‌ನಲ್ಲಿ ಮಾತ್ರ: ಒಂದು ಪೇಲ್ ಏಲ್, ಒಂದು ಐಪಿಎ, ಒಂದು ಹೇಜಿ ಐಪಿಎ, ಒಂದು ಡಬಲ್ ಐಪಿಎ. ನಾಲ್ಕೂ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಜೋರಾಗಿರುವ ಒಂದೇ ಕುಟುಂಬ. ಎರಡನೆಯದು ಮುಗಿಯೋದರೊಳಗೆ ನಾಲಿಗೆಗೆ ಕಹಿ ಮೆತ್ತಿಕೊಂಡು ಮೂರನೆಯದರ ವ್ಯತ್ಯಾಸವೇ ಗೊತ್ತಾಗಲ್ಲ.

ಐಬಿಯು (ಬಿಯರಿನ ಕಹಿ ಅಳೆಯುವ ಸಂಖ್ಯೆ) ಅಂದಾಜು ಇಟ್ಟುಕೊಂಡು ಆರಿಸಿ. ಹೆಫೆವೈಜೆನ್ (ಜರ್ಮನಿಯ ಗೋಧಿ ಬಿಯರ್) 8–15, ಮ್ಯೂನಿಕ್ ಹೆಲ್ಲೆಸ್ (ತಿಳಿ ಬಣ್ಣದ ಲಾಗರ್) 16–22, ಡುಂಕೆಲ್ (ಕಡು ಬಣ್ಣದ ಲಾಗರ್) 18–28, ಜರ್ಮನ್ ಪಿಲ್ಸ್ನರ್ (ಕಹಿ ಹೆಚ್ಚಿರುವ ಲಾಗರ್) 22–40, ಅಮೆರಿಕನ್ ಐಪಿಎ 40–70. ಪಕ್ಕಪಕ್ಕದ ಎರಡು ಬಿಯರುಗಳ ನಡುವೆ ಕಹಿಯಲ್ಲೋ, ಬಣ್ಣದಲ್ಲೋ, ಯೀಸ್ಟ್ ಪರಿಮಳದಲ್ಲೋ ಕಣ್ಣಿಗೆ ರಾಚುವಂಥ ಅಂತರ ಇರಲಿ. ಒಂದು ಎಚ್ಚರ: ಐಬಿಯು ಪ್ರಯೋಗಾಲಯದ ಅಳತೆ, ನಾಲಿಗೆಯ ಅಳತೆಯಲ್ಲ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿ ಉಳಿದಿರುವ ಬಿಯರಿನಲ್ಲಿ 40 ಮೆತ್ತಗೆ ಅನ್ನಿಸುತ್ತೆ, ಒಣ, ಅಂದರೆ ಸಿಹಿ ಉಳಿಯದ ಪಿಲ್ಸ್ನರ್‌ನಲ್ಲಿ ಅದೇ 40 ಚುರುಕ್ ಅನ್ನುತ್ತೆ.

ನಿಮ್ಮ ಐವರಿಗೆ ನಾನು ಕಟ್ಟೋದಾದರೆ: ಹೆಲ್ಲೆಸ್ 4, ಹೆಫೆವೈಜೆನ್ 3, ಐಪಿಎ 3, ಡುಂಕೆಲ್ 2. ಕಹಿ ಸೇರದವರಿಗೆ ಹೆಫೆವೈಜೆನ್. ಅದರ ಬಾಳೆಹಣ್ಣು, ಲವಂಗದ ವಾಸನೆ ಯೀಸ್ಟಿನಿಂದ ಬರುತ್ತೆ. ಬಾಳೆಹಣ್ಣಾಗಲಿ ಲವಂಗವಾಗಲಿ ಯಾರೂ ಹಾಕಿರಲ್ಲ. ಲಾಗರ್ ಬಿಟ್ಟು ಕದಲದವರಿಗೆ ಡುಂಕೆಲ್ ಕೊಡಿ. ನೋಡೋಕೆ ಕಪ್ಪು, ಆದರೆ ಅದೂ ಲಾಗರೇ: ಬ್ರೆಡ್ ತುದಿಯ ರುಚಿ, ಕಹಿ ಕಡಿಮೆ, ಆಲ್ಕೋಹಾಲ್ ಸುಮಾರು 5%. ಕಪ್ಪು ಅಂದರೆ ಸ್ಟ್ರಾಂಗ್ ಅನ್ನೋ ನಂಬಿಕೆ ಅಲ್ಲೇ ಬಿದ್ದುಹೋಗುತ್ತೆ.

ಕಹಿ ಮೆಚ್ಚುವ ಇಬ್ಬರ ಒತ್ತಾಯಕ್ಕೆ ಎರಡು ಬಗೆ ಐಪಿಎ ಹಾಕಲೇಬೇಕು ಅಂದರೆ ಒಂದು ಹೇಜಿ, ಒಂದು ವೆಸ್ಟ್ ಕೋಸ್ಟ್ ಇರಲಿ. ಮೊದಲನೆಯದು ಮಬ್ಬು, ಹಣ್ಣಿನ ವಾಸನೆ, ಬಾಯಿಗೆ ದಪ್ಪ. ಎರಡನೆಯದು ತಿಳಿ, ಒಣ, ಕಹಿ ನೇರ. ಎರಡೂ ಹೇಜಿ ಹಾಕಿದರೆ ಒಂದು ದಂಡ.

ಪ್ಯಾಕಿಂಗ್‌ಲೈನ್:
ರೆಡಿಮೇಡ್ ಪ್ಯಾಕ್ ಹೇಗೆ ಆಗುತ್ತೆ ಅಂತ ತಿಳಿದರೆ ಕೊಳ್ಳುವಾಗ ಏನು ನೋಡಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ. ಕ್ಯಾನಿಂಗ್ ಲೈನ್‌ನಲ್ಲಿ ಒಮ್ಮೆಗೆ ಒಂದೇ ಬಿಯರ್ ಓಡೋದು. ಸೋಮವಾರ ಲಾಗರ್ ತುಂಬಿದರೆ ಐಪಿಎ ಮುಂದಿನ ವಾರ, ಸ್ಟೌಟ್ (ಹುರಿದ ಧಾನ್ಯದ ಕಪ್ಪು ಬಿಯರ್) ಅದರ ಮುಂದಿನ ವಾರ ಆಗಬಹುದು. ನಾಲ್ಕೂ ತಯಾರಾಗೋವರೆಗೆ ಮೊದಲು ತುಂಬಿದ್ದು ಗೋದಾಮಿನಲ್ಲಿ ಕಾಯಬೇಕು. ಆಮೇಲೆ ಪ್ಯಾಲೆಟ್ ಬಿಚ್ಚಿ, ಬಹುಪಾಲು ಕಡೆ ಕೈಯಿಂದಲೇ, ಮಿಶ್ರ ಪೆಟ್ಟಿಗೆಗೆ ಜೋಡಿಸುತ್ತಾರೆ. ಹಾಗಾಗಿ ಪೆಟ್ಟಿಗೆ ಹೊಸದಾದರೂ ಒಳಗಿನ ಕ್ಯಾನ್‌ಗಳ ವಯಸ್ಸು ಬೇರೆ ಬೇರೆ.

ಕಟ್ಟುವ ದಿನದ ಹೊತ್ತಿಗೆ ಅತಿ ಹಳೆಯದಕ್ಕೂ ಅತಿ ಹೊಸದಕ್ಕೂ ಎರಡು ಮೂರು ವಾರಕ್ಕಿಂತ ಹೆಚ್ಚು ಅಂತರ ಬರದಂತೆ ನೋಡಿಕೊಳ್ಳುವವರು ಒಳ್ಳೆಯ ಕೆಲಸಗಾರರು. ನಿಧಾನಕ್ಕೆ ಮಾರಾಟವಾಗುವ ಸರಕನ್ನು ಮಿಕ್ಸ್ ಬಾಕ್ಸಿಗೆ ತಳ್ಳಿ ಗೋದಾಮು ಖಾಲಿ ಮಾಡುವವರೂ ಇದ್ದಾರೆ. ಪತ್ತೆ ಹಚ್ಚೋದು ಸುಲಭ. ಹೊರಗಿನ ರಟ್ಟಿನ ಮೇಲಿನ ದಿನಾಂಕ ನಂಬಬೇಡಿ, ಒಂದೊಂದು ಕ್ಯಾನಿನ ತಳದ ಅಚ್ಚು ಓದಿ. ತುಂಬಿದ ದಿನಾಂಕ ಇದ್ದರೆ ಒಳ್ಳೇದು. ‘ಇಷ್ಟರೊಳಗೆ ಬಳಸಿ’ ಅಂತ ಮಾತ್ರ ಇದ್ದರೆ ಲೇಬಲ್‌ನಲ್ಲಿ ಎಷ್ಟು ತಿಂಗಳ ಅವಧಿ ಕೊಟ್ಟಿದ್ದಾರೆ ಅಂತ ಹುಡುಕಿ ಹಿಂದಕ್ಕೆ ಎಣಿಸಿ. ಪೆಟ್ಟಿಗೆ ಪೂರ್ತಿ ಮುಚ್ಚಿದ್ದು ಕ್ಯಾನಿನ ತಳ ಕಾಣಲ್ಲ ಅಂದರೆ ಬಿಡಿ ಬಿಯರೇ ವಾಸಿ.

ನನ್ನ ಮಿತಿ ಹೀಗಿದೆ: ಐಪಿಎ 3 ತಿಂಗಳೊಳಗೆ, ಹೇಜಿ ಆದರೆ ಇನ್ನೂ ಬೇಗ, ಲಾಗರ್ ಮತ್ತು ಗೋಧಿ ಬಿಯರ್ 4ರಿಂದ 6 ತಿಂಗಳು. 8% ದಾಟಿದ ಸ್ಟೌಟ್‌ಗೆ ವರ್ಷವಾದರೂ ಭಯವಿಲ್ಲ. ಹಾಪ್ಸ್ ಪರಿಮಳ ಮೊದಲು ಹೋಗುತ್ತೆ, ಆಮೇಲೆ ಒದ್ದೆ ರಟ್ಟಿನ ರುಚಿ ಬರುತ್ತೆ. ಪೆಟ್ಟಿಗೆಯಲ್ಲಿ ಐಪಿಎ ಹಳೆಯದಾಗಿದ್ದರೆ ಉಳಿದ ಮೂರು ಎಷ್ಟೇ ತಾಜಾ ಇದ್ದರೂ ಆ ಪ್ಯಾಕ್ ಬಿಡಿ.

ರೆಡಿಮೇಡ್ ಪರವಾಗಿಯೂ ಒಂದು ಮಾತು. ಒಂದೇ ಬ್ರೂವರಿಯ ಕೈಗುಣ ಹೇಗಿದೆ ಅಂತ ನೋಡೋಕೆ ಅದೇ ಸರಿ. ಕೆಲವರು ನಾಲ್ಕರಲ್ಲಿ ಒಂದನ್ನು ಆ ಪೆಟ್ಟಿಗೆಗೆ ಅಂತಲೇ ಮಾಡುತ್ತಾರೆ, ಅದು ಬೇರೆಲ್ಲೂ ಸಿಗಲ್ಲ. ಆದರೆ ಆ ಒಂದಕ್ಕಾಗಿ ಬೇಡದ ಒಂಬತ್ತನ್ನು ಹೊತ್ತು ತರಬೇಕು ಅನ್ನೋದೂ ಅಷ್ಟೇ ನಿಜ.

ಕಪ್ಪುಬಿಯರ್:
ಮೇಲಿನವರು ಸ್ಟ್ರಾಂಗ್ ಬಿಯರಿನ ಲೆಕ್ಕ ಬಿಟ್ಟಿದ್ದಾರೆ. 330 ಮಿ.ಲೀ.ಯ 5% ಬಿಯರಿನಲ್ಲಿ ಶುದ್ಧ ಆಲ್ಕೋಹಾಲ್ 16.5 ಮಿ.ಲೀ., ತೂಕದಲ್ಲಿ ಸುಮಾರು 13 ಗ್ರಾಂ. ಅದೇ ಅಳತೆಯ 10% ಇಂಪೀರಿಯಲ್ ಸ್ಟೌಟ್‌ನಲ್ಲಿ ಇದರ ಎರಡರಷ್ಟು. ನಿಮ್ಮ 12ನ್ನೂ 5%ರಲ್ಲೇ ಆರಿಸಿದರೆ ಒಬ್ಬರಿಗೆ ಸುಮಾರು 790 ಮಿ.ಲೀ. ಬಿಯರ್, 31 ಗ್ರಾಂ ಆಲ್ಕೋಹಾಲ್. ಅದರಲ್ಲಿ ನಾಲ್ಕು 10% ಆದರೆ ಬಿಯರ್ ಅಷ್ಟೇ, ಗ್ರಾಂ ಲೆಕ್ಕ 40 ದಾಟುತ್ತೆ. ಕ್ಯಾನ್ ಎಣಿಸಿ ಕುಡಿಯುವವರು ಎಡವೋದು ಇಲ್ಲೇ.

ಹಾಗಾಗಿ ‘ತಲಾ 3’ ಅನ್ನೋ ನಿಯಮಕ್ಕೆ ಒಂದು ವಿನಾಯಿತಿ ಕೊಡಿ. 8%ರ ಮೇಲಿನದು ಒಂದೇ ಸಾಕು, 66 ಮಿ.ಲೀ. ಅದಕ್ಕೆ ಸರಿಯಾದ ಅಳತೆಯೇ. ಗಾಡಿ ಓಡಿಸುವವರಿದ್ದರೆ ಆಲ್ಕೋಹಾಲ್ ಇಲ್ಲದ್ದು ಎರಡು ಮೂರು, 12ರ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ಇಡಿ.

ಕಹಿಪ್ರಿಯರ ಪಟ್ಟಿಯಲ್ಲಿ ಡುಂಕೆಲ್ ಬದಲು ಡ್ರೈ ಸ್ಟೌಟ್ ಹಾಕಬಹುದು ಅಂತ ನನಗನ್ನಿಸುತ್ತೆ. 4ರಿಂದ 5%, ಹುರಿದ ಬಾರ್ಲಿಯ ಕಾಫಿಯಂಥ ಕಹಿ. ಆದರೆ ವಿಜೆಟ್ (ಸಾರಜನಕದಿಂದ ನೊರೆ ಎಬ್ಬಿಸೋಕೆ ಒಳಗಿಟ್ಟ ಪುಟ್ಟ ಉಂಡೆ) ಇರುವ ನೈಟ್ರೋ ಕ್ಯಾನ್ ಆದರೆ ಹಂಚಿ ಕುಡಿಯೋಕೆ ಕಷ್ಟ. ಚೆನ್ನಾಗಿ ತಣಿಸಿ, ಒಂದೇ ದೊಡ್ಡ ಗ್ಲಾಸಿಗೆ ಒಂದೇ ಸಲ ಜೋರಾಗಿ ಸುರಿದರೆ ಮಾತ್ರ ಕೆನೆ ಕಟ್ಟುತ್ತೆ. ಐದು ಗ್ಲಾಸಿಗೆ ಚೂರು ಚೂರು ಬಗ್ಗಿಸಿದರೆ ಕೊನೆಯವರಿಗೆ ಸಪ್ಪೆ ನೀರು.

ತಂಪುಪೆಟ್ಟಿಗೆ:
ಪೆಟ್ಟಿಗೆ ಕಟ್ಟೋ ಬಗ್ಗೆ. ಬಾಟಲಿಯೋ ಕ್ಯಾನೋ, ಒಂದೇ ಜಾತಿ ಇರಲಿ. ಗಾಜಿನ ಪಕ್ಕ ಕ್ಯಾನ್ ಇಟ್ಟರೆ ದಾರಿಯಲ್ಲಿ ಉಜ್ಜಿ ಕ್ಯಾನಿನ ಗೋಡೆ ತೂತಾಗಬಹುದು, ಅದು ತೀರಾ ತೆಳು. ಬಾಟಲಿಯಾದರೆ ಮನೆ ಮನೆಯಾಗಿ ರಟ್ಟು ಅಡ್ಡ ಇರಲೇಬೇಕು, ತಳಕ್ಕೆ ಇನ್ನೊಂದು ಪದರ. 12 ಬಾಟಲಿ ತುಂಬಿದ ಪೆಟ್ಟಿಗೆ ಆರು ಕಿಲೋ ದಾಟುತ್ತೆ, ಕ್ಯಾನ್ ಆದರೆ ನಾಲ್ಕರ ಆಸುಪಾಸು. ರಟ್ಟು ತೇವ ಕುಡಿದಿದ್ದರೆ ಎತ್ತಿದಾಗ ತಳವೇ ಬಿಟ್ಟುಕೊಳ್ಳುತ್ತೆ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುತ್ತಲ್ಲ, ಒರೆಸಿ ಇಡಿ.

ಹಸಿರು, ಬಿಳಿ ಗಾಜಿನ ಬಾಟಲಿ ಬಿಡಿಯಾಗಿ ಆರಿಸುವಾಗ ಅಂಗಡಿಯ ಕಿಟಕಿ ಬದಿಯ ಶೆಲ್ಫ್‌ನಿಂದ ತೆಗೀಬೇಡಿ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಘಾಟು ಹುಟ್ಟುತ್ತೆ, ನೇರ ಬಿಸಿಲಾದರೆ ಕೆಲವೇ ನಿಮಿಷ ಸಾಕು. ಕಂದು ಗಾಜು ಬಹುಮಟ್ಟಿಗೆ ತಡೆಯುತ್ತೆ, ಕ್ಯಾನ್ ಪೂರ್ತಿ ತಡೆಯುತ್ತೆ. ತಣಿಸಿದ್ದು ಬಿಸಿಯಾಗಿ ಮತ್ತೆ ತಣಿದರೆ ಬಿಯರ್ ಕೆಟ್ಟಿತು ಅನ್ನುವವರಿದ್ದಾರೆ, ಹಾಗೇನಿಲ್ಲ. ಒಟ್ಟು ಎಷ್ಟು ಹೊತ್ತು ಬಿಸಿಯಲ್ಲಿತ್ತು ಅನ್ನೋದು ಲೆಕ್ಕ. ಈ ಕಸುಬಿನಲ್ಲಿ 3-30-300 ಅಂತ ಒಂದು ಅಂದಾಜು ಇದೆ: 32 ಡಿಗ್ರಿಯಲ್ಲಿ 3 ದಿನ, 22ರಲ್ಲಿ 30 ದಿನ, 3ರಲ್ಲಿ 300 ದಿನ, ಮೂರೂ ಬಿಯರನ್ನು ಸರಿಸುಮಾರು ಒಂದೇ ಮಟ್ಟಕ್ಕೆ ಹಳತು ಮಾಡುತ್ತವೆ. ಗಾಡಿಯ ಡಿಕ್ಕಿಯಲ್ಲಿ ವಾರಾಂತ್ಯ ಕಳೆದ ಐಪಿಎ ಗತಿ ಇದರಲ್ಲೇ ಇದೆ.

ಅವಸರಕ್ಕೆ ಫ್ರೀಜರ್ ಬೇಡ. 5% ಬಿಯರ್ ಸುಮಾರು −2ರಿಂದ −3 ಡಿಗ್ರಿಗೆ ಹೆಪ್ಪುಗಟ್ಟೋಕೆ ಶುರುವಾಗುತ್ತೆ, ಮರೆತರೆ ಕ್ಯಾನ್ ಉಬ್ಬಿ ಬಿರಿಯುತ್ತೆ. ಬಕೆಟ್‌ಗೆ ಐಸ್, ಮುಳುಗುವಷ್ಟು ನೀರು, ಒಂದು ಹಿಡಿ ಉಪ್ಪು ಹಾಕಿದರೆ ಇಪ್ಪತ್ತು ನಿಮಿಷದ ಕೆಲಸ. ಬರೀ ಐಸ್ ಸುರಿದರೆ ನಡುವೆ ಗಾಳಿ ನಿಂತು ನಿಧಾನ.

ಪ್ರಶ್ನೆ ಕೇಳಿದವರು:
4-3-3-2 ಒಪ್ಪಿದೆ. ಹುಳಿ ಬಿಯರ್, ಹಣ್ಣಿನ ಬಿಯರ್ ಒಂದಾದರೂ ಇರಲಿ ಅಂತ ಒಬ್ಬರ ಒತ್ತಾಯ. ಎಲ್ಲಿ ತುರುಕಲಿ? ಯಾವ ಸರದಿಯಲ್ಲಿ ಒಡೆಯೋದು?

ಕಹಿಪ್ರಿಯ:
ಡುಂಕೆಲ್ ಜಾಗದಲ್ಲಿ ಗೋಜೆ 2 ಹಾಕಿ. 4.2ರಿಂದ 4.8%, ಹುಳಿ, ಚೂರು ಉಪ್ಪು, ಕಹಿ ಇಲ್ಲವೇ ಇಲ್ಲ ಅನ್ನಬಹುದು. ಹುಳಿಯನ್ನು 3ಕ್ಕೆ ಏರಿಸಬೇಡಿ, ಇಷ್ಟವಾಗದವರಿಗೆ ಅರ್ಧ ಗ್ಲಾಸೂ ಇಳಿಯಲ್ಲ. ಹಣ್ಣಿನ ತಿರುಳು ಹಾಕಿದ, ಪಾಶ್ಚರೀಕರಣ ಆಗದ ಕ್ಯಾನ್ ಆದರೆ ಕೊಂಡಾಗಿಂದ ಕುಡಿಯೋವರೆಗೂ ಫ್ರಿಜ್‌ನಲ್ಲೇ ಇರಬೇಕು. ಒಳಗಿನ ಸಕ್ಕರೆ ಬಿಸಿಗೆ ಮತ್ತೆ ಹುದುಗಿದರೆ ಒತ್ತಡ ಏರಿ ಕ್ಯಾನ್ ಸಿಡಿಯುತ್ತೆ. ತಲೆ ಉಬ್ಬಿರೋ ಕ್ಯಾನ್ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಸರದಿ ಹೀಗಿರಲಿ: ಹೆಲ್ಲೆಸ್, ಹೆಫೆವೈಜೆನ್, ಗೋಜೆ, ಕೊನೆಗೆ ಐಪಿಎ. ಐಪಿಎ ಆದಮೇಲೆ ಹೆಲ್ಲೆಸ್ ಕೊಟ್ಟರೆ ನೀರು ಕುಡಿದಂಗೆ ಇರುತ್ತೆ. ಕಪ್ಪುಬಿಯರ್ ಅವರ ಇಂಪೀರಿಯಲ್ ಸ್ಟೌಟ್ ಬಂದರೆ ಅದು ಐಪಿಎಗೂ ಆಚೆ, ಹೊಗೆ ವಾಸನೆಯ ರೌಖ್‌ಬಿಯರ್ ಎಲ್ಲಕ್ಕೂ ಕೊನೆ.

ನೊರೆಲೆಕ್ಕ:
ಹೆಫೆವೈಜೆನ್ ಬಾಟಲಿ ಹಿಂದಿನ ದಿನದಿಂದಲೇ ನೆಟ್ಟಗೆ ನಿಲ್ಲಿಸಿರಿ. ಮುಕ್ಕಾಲು ಪಾಲು ಬಗ್ಗಿಸಿದ ಮೇಲೆ ತಳದ ಯೀಸ್ಟ್ ಕದಡಿ ಉಳಿದದ್ದನ್ನು ಎಲ್ಲರಿಗೂ ಹಂಚಿ, ಇಲ್ಲದಿದ್ದರೆ ಮೊದಲಿನವರಿಗೆ ತಿಳಿ, ಕೊನೆಯವರಿಗೆ ಗಸಿ. ಲೋಟ ಸೋಪಿನ ಜಿಡ್ಡಿಲ್ಲದಂತೆ ತೊಳೆದು ಒದ್ದೆಯಲ್ಲೇ ಬಗ್ಗಿಸಿ, ಒಣ ಬಟ್ಟೆಯ ನೂಲು ಅಂಟಿದರೆ ನೊರೆ ಎದ್ದು ಅಳತೆ ತಪ್ಪುತ್ತೆ. ಎರಡು ಬಿಯರುಗಳ ನಡುವೆ ನೀರು, ಉಪ್ಪಿಲ್ಲದ ಬ್ರೆಡ್ ಚೂರು ಸಾಕು.

ಎಲ್ಲವನ್ನೂ ಒಂದೇ ತಂಪಿನಲ್ಲಿ ಕೊಡಬೇಡಿ. ಹೆಲ್ಲೆಸ್, ಹೆಫೆವೈಜೆನ್, ಗೋಜೆ ಫ್ರಿಜ್‌ನಿಂದ ನೇರ. ಐಪಿಎ ಕಾಲು ಗಂಟೆ ಮೊದಲು, ಸ್ಟೌಟ್ ಅರ್ಧ ಗಂಟೆ ಮೊದಲು ಹೊರಗಿಡಿ. ಮುಚ್ಚಳದ ಮೇಲೆ ಮಾರ್ಕರಿನಲ್ಲಿ 1, 2, 3 ಅಂತ ಸರದಿ ಬರೆದುಬಿಟ್ಟರೆ ಮಾತಿನ ಭರದಲ್ಲಿ ಐಪಿಎ ಮೊದಲು ಒಡೆಯೋದು ತಪ್ಪುತ್ತೆ.

ಪ್ಯಾಕಿಂಗ್‌ಲೈನ್:
ಒಂದು ಸೇರಿಸ್ತೀನಿ. ಬಿಡಿಯಾಗಿ ಕೊಳ್ಳುವಾಗ ಐಪಿಎಯನ್ನು ಕಡೆಗೆ, ಕೂರುವ ದಿನಕ್ಕೆ ಹತ್ತಿರ ಕೊಳ್ಳಿ. ಹೆಲ್ಲೆಸ್ ಎರಡು ವಾರ ಮೊದಲೇ ತಂದಿಟ್ಟರೂ ನಡೆಯುತ್ತೆ. ಆ ದಿನ ಏನಾದರೂ ಉಳಿದರೆ ಐಪಿಎಯೇ ಮೊದಲು ಮುಗಿಸಿ, ಸ್ಟೌಟ್ ಮುಂದಿನ ಸಲದ ಪೆಟ್ಟಿಗೆಗೆ ಹೋಗಲಿ.