ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರು ಮೆಕ್ಯಾನಿಕ್ ಅಣ್ಣನನ್ನು ಕೇಳಿ

ಅಡ್ಮಿನ್: ಬೆಂಗಳೂರಿನಲ್ಲಿ ಕೆಲಸಕ್ಕೆ ಓಡಾಡಲು 100ರಿಂದ 125 ಸಿಸಿಯ ಹಳೇ ಗಾಡಿ ಹುಡುಕುತ್ತಿರುವವರು ಇಲ್ಲಿ ಕೇಳಿ. ಅಣ್ಣ ಗ್ಯಾರೇಜ್ ಬಾಗಿಲು ಹಾಕಿದ ಮೇಲೆ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಹಾಕಬೇಡಿ.

ಕೆಂಗೇರಿಯಿಂದ: ಅಣ್ಣ ನಮಸ್ಕಾರ. ಸ್ಪ್ಲೆಂಡರ್ ತಗೊಳ್ಳಲಾ, ಶೈನ್ ತಗೊಳ್ಳಲಾ? ದಿನಾ 40 ಕಿಲೋಮೀಟರ್ ಓಡಾಟ.

ಮೆಕ್ಯಾನಿಕ್: ನಮಸ್ಕಾರ. ಒಬ್ಬರೇ ಓಡಾಡುವುದಾದರೆ ಸ್ಪ್ಲೆಂಡರ್ ಸಾಕು. ಅದರ ಸಾಮಾನು ಯಾವ ಮೂಲೆ ಅಂಗಡಿಯಲ್ಲೂ ಸಿಗುತ್ತೆ. ಹಿಂದೆ ದಿನಾ ಒಬ್ಬರು ಕೂರುತ್ತಾರೆ, ಫ್ಲೈಓವರ್ ಹತ್ತಬೇಕು ಅಂದರೆ 125 ಸಿಸಿಯ ಶೈನ್ ನೋಡಿ. ಅದಕ್ಕಿಂತ ಮುಖ್ಯ, ಹಿಂದಿನವರು ಆಯಿಲ್ ಸರಿಯಾಗಿ ಬದಲಾಯಿಸಿದ್ದಾರಾ ಅಂತ ಕೇಳಿ. ಒಳ್ಳೇ ಕಂಪನಿ ಗಾಡಿಯನ್ನೂ ಹಾಳು ಮಾಡುವವರು ಇದ್ದಾರೆ.

ಯಲಹಂಕದಿಂದ: 2016ರ ಶೈನ್ ನೋಡಿದೆ ಅಣ್ಣ. ನಾನು ಹೋದಾಗ ಎಂಜಿನ್ ಬಿಸಿ ಇತ್ತು. ಹೊಗೆ ಏನೂ ಇರಲಿಲ್ಲ. ತಗೊಳ್ಳಬಹುದಾ?

ಮೆಕ್ಯಾನಿಕ್: ಎಂಜಿನ್ ಬಿಸಿ ಇತ್ತು ಅಂದರೆ ನೀವು ಅರ್ಧ ನೋಡಿದ ಹಾಗೆ. ಇನ್ನೊಂದು ದಿನ ಬೆಳಿಗ್ಗೆ ಹೋಗಿ. ಮೊದಲು ಸೈಲೆನ್ಸರ್ ಮುಟ್ಟಿ, ತಣ್ಣಗಿರಬೇಕು. ಆಮೇಲೆ ಸ್ಟಾರ್ಟ್ ಮಾಡಿಸಿ. ಶುರುವಿನಲ್ಲಿ ನೀಲಿ ಹೊಗೆ ಬಂದು ಸ್ವಲ್ಪ ಹೊತ್ತಿಗೆ ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಹೋಗಿರುತ್ತೆ, ಅದು ಸಣ್ಣ ಕೆಲಸ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬಂದರೆ ರಿಂಗು, ಪಿಸ್ಟನ್, ಬೋರ್ ಕೆಲಸ ಇದೆ ಅಂತ ಲೆಕ್ಕ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಚಳಿಯಲ್ಲಿ ಬರುವ ತೆಳು ಬಿಳಿ ಆವಿಗೆ ಹೆದರಬೇಡಿ.

ಹೆಬ್ಬಾಳದಿಂದ: ಹೊಗೆಗೆ ಸುಲಭ ಉಪಾಯ ಇದೆ. ಗ್ರೂಪಲ್ಲಿ ಬಂದಿತ್ತು, ಹಾಕ್ತೀನಿ. ದಪ್ಪ ಆಯಿಲ್ ಹಾಕಿದರೆ ಹೊಗೆ ನಿಲ್ಲುತ್ತೆ. ಟ್ಯಾಂಕಿಗೆ ಎರಡು ನುಸಿ ಗುಳಿಗೆ ಹಾಕಿದರೆ ಮೈಲೇಜ್ 10 ಜಾಸ್ತಿ.

ಮೆಕ್ಯಾನಿಕ್: ಗಾಡಿ ಮಾರುವವರು ಹೊಗೆ ಮುಚ್ಚಲು ಮಾಡುವ ಕೆಲಸವೇ ಈ ದಪ್ಪ ಆಯಿಲ್. ಕೊಳ್ಳುವವರಿಗೆ ಅದನ್ನು ಮದ್ದು ಅಂತ ಹೇಳಬೇಡಿ. ನುಸಿ ಗುಳಿಗೆ ಬಟ್ಟೆ ಬೀರುವಿಗೆ. ಟ್ಯಾಂಕಿಗೆ ಹಾಕಬೇಡಿ.

ಜಾಲಹಳ್ಳಿಯಿಂದ: ಸ್ಪ್ಲೆಂಡರ್ ಒಳ್ಳೇದಾ, ಶೈನ್ ಒಳ್ಳೇದಾ?

ಮೆಕ್ಯಾನಿಕ್: ಮೇಲೆ ಹೇಳಿದ್ದೇನೆ.

ಪೀಣ್ಯದಿಂದ: ಅಣ್ಣ, ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ತಮ್ಮ ಊಟದ ಡೆಲಿವರಿಗೆ ಸೇರಿದ್ದಾನೆ, ಅವನಿಗೆ ಗಾಡಿ ಬೇಕು. 2015ರ ಸ್ಪ್ಲೆಂಡರ್, 24,000 ಹೇಳಿದರು, 2,000 ಅಡ್ವಾನ್ಸ್ ಕೊಟ್ಟಿದ್ದೇನೆ. ಗಾಡಿ ಕೆಂಪು ಬಣ್ಣ. ಆರ್‌ಸಿ ಊರಲ್ಲಿದೆ ಅಂತ ಮೊಬೈಲಲ್ಲಿ ಫೋಟೋ ತೋರಿಸಿದರು, ಅದರಲ್ಲಿ ಬ್ಲ್ಯಾಕ್ ಅಂತಿದೆ. ಚಾಸಿಸ್ ನಂಬರಿನ ಫೋಟೋ ಹಾಕಿದ್ದೇನೆ. ಎಂಜಿನ್ ಚೆನ್ನಾಗಿದೆ ಅಂತ ತಮ್ಮ ಹೇಳ್ತಾನೆ.

ಮೆಕ್ಯಾನಿಕ್: ತಂಗಿ, ಫೋಟೋ ದೊಡ್ಡದು ಮಾಡಿ ನಾಲ್ಕು ಸಲ ನೋಡಿದೆ. ದಯವಿಟ್ಟು ಉಳಿದ ದುಡ್ಡು ಈಗ ಕೊಡಬೇಡಿ.

ಹ್ಯಾಂಡಲ್ ಕೆಳಗೆ, ಫ್ರೇಮಿನ ಕತ್ತಿನ ಹತ್ತಿರ ಆ ನಂಬರ್ ಇದೆ. ಸುತ್ತಲಿನ ಫ್ರೇಮಿನ ಮೇಲೆ ಹತ್ತು ವರ್ಷದ ಧೂಳು, ಕ್ಲಚ್ ಕೇಬಲ್ ಉಜ್ಜಿದ ಗೆರೆ. ನಂಬರ್ ಇರುವ ಮೂರು ಬೆರಳಗಲ ಜಾಗದಲ್ಲಿ ಮಾತ್ರ ಪೇಂಟ್ ಹೊಳೆಯುತ್ತಿದೆ. ಕೊನೆಯಿಂದ ಮೂರನೇ ಅಂಕಿ 8 ನೋಡಿ. ಅದರ ಬಲಗಡೆ ಗೀಟು ಆಳವಾಗಿದೆ, ಅಂಚು ಸಾಪಾಗಿದೆ. ಎಡಗಡೆಯ ಎರಡು ಸೊಟ್ಟ ಗೀಟು ತೆಳ್ಳಗಿವೆ, ಅಂಚು ಒರಟು. ಫ್ಯಾಕ್ಟರಿಯಲ್ಲಿ ಒಂದೇ ಪಂಚಿನಲ್ಲಿ ಬಿದ್ದ 8 ಹಾಗಿರುವುದಿಲ್ಲ. ಅದು ಮೊದಲು 3 ಇದ್ದಿರಬಹುದು.

ಕಳ್ಳ ಗಾಡಿ ಅಂತ ನಾನು ಹೇಳುತ್ತಿಲ್ಲ. ಬರೀ ಫೋಟೋ ನೋಡಿ ಹಾಗೆ ಹೇಳಬಾರದು. ತುಕ್ಕು ಹಿಡಿದು ಯಾರೋ ಉಜ್ಜಿರಬಹುದು. ಆದರೆ ಬಣ್ಣ ಬೇರೆ, ಆರ್‌ಸಿ ಕೈಯಲ್ಲಿಲ್ಲ, ನಂಬರ್ ಹೀಗಿದೆ. ಮೂರೂ ಸೇರಿದ ಮೇಲೆ ಸುಮ್ನೆ ಬಿಡೋಕೆ ನನಗೆ ಮನಸ್ಸು ಬರುತ್ತಿಲ್ಲ.

ಹೀಗೆ ಮಾಡಿ. ಚಾಸಿಸ್ ನಂಬರಿನಲ್ಲಿ ಅಕ್ಷರ, ಅಂಕಿ ಸೇರಿ ಒಟ್ಟು 17 ಇರಬೇಕು. ಹೀರೋ ಗಾಡಿಯದು ಎಂಬಿಎಲ್ ಅಂತ ಶುರುವಾಗುತ್ತೆ. ಐ, ಓ, ಕ್ಯೂ ಅಕ್ಷರಗಳು ಇರುವುದಿಲ್ಲ. ನಂಬರಿನ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದುಕೊಳ್ಳಿ. ಕೈ ಹಾಕಿದ ಅಂಕಿ ಕಾಗದದಲ್ಲಿ ಬೇಗ ಕಾಣುತ್ತೆ. ಎಂಜಿನ್ ನಂಬರನ್ನೂ ಹಾಗೇ ತೆಗೆಯಿರಿ. ಆಮೇಲೆ ಆ ಗಾಡಿ ರಿಜಿಸ್ಟ್ರೇಷನ್ ಆಗಿರುವ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ದಾಖಲೆಯ ನಕಲು, ತೆಗೆಸಿ. ಮಾಲೀಕರ ಹೆಸರು, ಬಣ್ಣ, ಎರಡೂ ನಂಬರ್, ಸಾಲ ಇದ್ದರೆ ಅದು, ಎಲ್ಲ ಅದರಲ್ಲಿ ಬರುತ್ತೆ. ಗಾಡಿ ವಿವರ ತೋರಿಸುವ ಆ್ಯಪ್‌ನಲ್ಲಿ ಮಾಲೀಕರ ಹೆಸರು ಪೂರ್ತಿ ಕಾಣುವುದಿಲ್ಲ, ಅದನ್ನೇ ನಂಬಬೇಡಿ. ಕಳವಾದ ಗಾಡಿಯಾ ಅಂತ ನೋಡಲು ಕೇಂದ್ರ ಸರ್ಕಾರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಯ ಆನ್‌ಲೈನ್ ಸೇವೆಯೂ ಇದೆ.

ಕದ್ದ ಗಾಡಿ ಆಗಿದ್ದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ನಿಮ್ಮ ದುಡ್ಡೂ ಹೋಯ್ತು, ತಮ್ಮ ಸ್ಟೇಷನ್ನಿಗೆ ಅಲೆಯಬೇಕು. ಎಂಜಿನ್ ಕೆಟ್ಟರೆ ನಾನು ರಿಪೇರಿ ಮಾಡಿಕೊಡುತ್ತೇನೆ. ಇದಕ್ಕೆ ನನ್ನ ಹತ್ತಿರ ಸ್ಪ್ಯಾನರ್ ಇಲ್ಲ.

ಮಾಗಡಿ ರಸ್ತೆಯಿಂದ: ಇಷ್ಟೆಲ್ಲ ಹೆದರಿಸಬೇಡಿ. ಹೆಸರು ಬದಲಿಸುವ 29, 30 ಫಾರಂಗೆ ಸಹಿ ಹಾಕಿಸಿಕೊಂಡು ಇಟ್ಟುಕೊಂಡರೆ ಸಾಕು. ನಾನು ಎಂಟು ವರ್ಷದಿಂದ ಬೇರೆಯವರ ಹೆಸರಲ್ಲೇ ಓಡಿಸ್ತಿದೀನಿ.

ವಿಜಯನಗರದಿಂದ: ನಿಮ್ಮಂಥವರಿಂದಲೇ ನಮ್ಮಪ್ಪ ಒದ್ದಾಡಿದ್ದು. ಗಾಡಿ ಮಾರಿ ಮೂರು ವರ್ಷ ಆಗಿತ್ತು. ಸಿಗ್ನಲ್ ಜಂಪ್ ದಂಡದ ನೋಟಿಸ್ ಎಲ್ಲ ನಮ್ಮ ಮನೆಗೇ ಬಂತು.

ಮಾಗಡಿ ರಸ್ತೆಯಿಂದ: ಅದು ನಿಮ್ಮಪ್ಪ ನೋಡಿಕೊಳ್ಳಬೇಕಿತ್ತು.

ವಿಜಯನಗರದಿಂದ: ಅಪ್ಪನ ವಿಷಯಕ್ಕೆ ಬರಬೇಡಿ.

ಹೊಸೂರಿನಿಂದ: ನಮ್ಮ ಕಡೆ ಗಾಡಿ ಅಗ್ಗ. ತಮಿಳುನಾಡು ನಂಬರ್ ಆದರೆ ಏನಂತೆ, ಬೆಂಗಳೂರಲ್ಲಿ ಎಷ್ಟೋ ಜನ ಓಡಿಸ್ತಾರೆ.

ವಿಜಯನಗರದಿಂದ: ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ತರಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ನಂಬರ್ ಬದಲಾಯಿಸಬೇಕು. ಅಗ್ಗ ಎಲ್ಲಿ ಬಂತು ಸ್ವಾಮಿ?

ಹೊಸೂರಿನಿಂದ: ನಿಮ್ಮನ್ನು ಯಾರೂ ಕೇಳಲಿಲ್ಲ.

ಬನಶಂಕರಿಯಿಂದ: ಅಣ್ಣ, ನಾನು ಕುಳ್ಳಗಿದ್ದೇನೆ. ಯಾವ ಗಾಡಿಯಲ್ಲಿ ಕಾಲು ನೆಲಕ್ಕೆ ಸಿಗುತ್ತೆ?

ಮೆಕ್ಯಾನಿಕ್: ಮಾಗಡಿ ರಸ್ತೆಯವರೇ, ಸಹಿ ಹಾಕಿದ ಫಾರಂ ಬೀರುವಿನಲ್ಲಿದ್ದರೆ ಗಾಡಿ ನಿಮ್ಮದಾಗುವುದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್ ಹೆಸರು ಬದಲಿಸಲು 14 ದಿನ. ಹಳೇ ಮಾಲೀಕರ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ. ನಾಳೆ ಯಾರಿಗಾದರೂ ಗುದ್ದಿದರೆ ಯಾರೋ ಅಮಾಯಕರು ಕೋರ್ಟಿಗೆ ಹೋಗಬೇಕು. ಎಂಟು ವರ್ಷ ಏನೂ ಆಗಿಲ್ಲ ಅಂದರೆ ಅದು ಅದೃಷ್ಟ. ಈ ತಂಗಿಗೆ ಅದನ್ನು ಹೇಳಿಕೊಡಬೇಡಿ.

ಮಾಗಡಿ ರಸ್ತೆಯಿಂದ: ಮೆಕ್ಯಾನಿಕ್ಕೋ ಲಾಯರೋ?

ಅಡ್ಮಿನ್: ಮಾತು ಹಿಡಿತದಲ್ಲಿರಲಿ.

ಕೆ.ಆರ್.ಪುರದಿಂದ: 2010ರ ಪ್ಯಾಷನ್ 10,000ಕ್ಕೆ ಸಿಗುತ್ತಿದೆ. ತಗೊಳ್ಳಲಾ?

ಮೆಕ್ಯಾನಿಕ್: ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ನವೀಕರಣ ಆಗಿದ್ದರೆ ಮಾತ್ರ ಮುಂದೆ ಮಾತಾಡಿ.

ಬೆಳ್ಳಂದೂರಿನಿಂದ: ಮಳೆ ನೀರಲ್ಲಿ ಮುಳುಗಿದ ಗಾಡಿ ಅಂತ ಹೇಗೆ ಗೊತ್ತಾಗುತ್ತೆ? ನಮ್ಮ ಕಡೆ 2022ರ ಸೆಪ್ಟೆಂಬರ್‌ನಲ್ಲಿ ಎಷ್ಟೋ ಗಾಡಿ ನಿಂತ ನೀರಲ್ಲಿದ್ದವು.

ಮೆಕ್ಯಾನಿಕ್: ಒಳ್ಳೇ ಪ್ರಶ್ನೆ. ಸೀಟ್ ತೆಗೆದು ಬ್ಯಾಟರಿ ಗೂಡಿನ ಮೂಲೆಯಲ್ಲಿ ಬೆರಳು ಆಡಿಸಿ, ಒಣಗಿದ ನುಣ್ಣನೆ ಕೆಸರು ಸಿಕ್ಕರೆ ಅನುಮಾನಪಡಿ. ವೈರು ಜೋಡಿಸುವ ಕಪ್ಲರ್ ಬಿಚ್ಚಿ, ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ಮೀಟರ್ ಗಾಜಿನ ಒಳಗೆ ಮಂಜು ಕಟ್ಟಿರುತ್ತೆ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. 2020ರ ಏಪ್ರಿಲ್ ಆದಮೇಲಿನ ಬಿಎಸ್6 (ಹೊಗೆ ಮಿತಿಯ ನಿಯಮ) ಗಾಡಿಗಳಲ್ಲಿ ಸೆನ್ಸರ್, ವೈರಿಂಗ್ ಜಾಸ್ತಿ. ಅಂಥದ್ದು ಮುಳುಗಿದ್ದರೆ ಅಗ್ಗಕ್ಕೆ ಕೊಟ್ಟರೂ ಬೇಡ.

ಹೆಬ್ಬಾಳದಿಂದ: ಎಂಜಿನ್‌ಗೆ ಸೀಮೆಎಣ್ಣೆ ಹಾಕಿ ಐದು ನಿಮಿಷ ಓಡಿಸಿದರೆ ಎಲ್ಲ ಕ್ಲೀನ್ ಆಗುತ್ತೆ, ವಿಡಿಯೋ ಇದೆ.

ಮೆಕ್ಯಾನಿಕ್: ಸೀಮೆಎಣ್ಣೆಗೆ ಜಿಡ್ಡು ಸಾಲುವುದಿಲ್ಲ. ಆ ಐದು ನಿಮಿಷದಲ್ಲಿ ಎಂಜಿನ್ ಒಳಗೆ ಸವೆಯುವುದನ್ನು ವಿಡಿಯೋದಲ್ಲಿ ತೋರಿಸುವುದಿಲ್ಲ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರ ಕೊಡುವುದು ನಿಲ್ಲಿಸುತ್ತೇನೆ.

ಜಾಲಹಳ್ಳಿಯಿಂದ: ಮೈಲೇಜ್ ಎಷ್ಟು ಕೊಡುತ್ತೆ ಅಂತ ಒಬ್ಬರಾದರೂ ಹೇಳಿ.

ಬನಶಂಕರಿಯಿಂದ: ನನ್ನ ಪ್ರಶ್ನೆ ನೋಡಿದ್ರಾ ಅಣ್ಣ?

ಪೀಣ್ಯದಿಂದ: ಅಣ್ಣ, ಪೆನ್ಸಿಲ್ ಅಚ್ಚು ತೆಗೆಯಬೇಕು ಅಂತ ಕೇಳಿದೆ. ಗಾಡಿ ಮುಟ್ಟಬೇಡಿ, ಬೇಕಿದ್ದರೆ ತಗೊಳ್ಳಿ ಅಂದರು. ಅಡ್ವಾನ್ಸ್ ವಾಪಸ್ ಕೇಳಿದರೆ 1,000 ಮಾತ್ರ ಕೊಟ್ಟರು. ತಮ್ಮ ಬೇಜಾರು ಮಾಡಿಕೊಂಡಿದ್ದಾನೆ. ಸೋಮವಾರ ಕೆಲಸಕ್ಕೆ ಹೋಗಬೇಕು ಅವನು.

ಮೆಕ್ಯಾನಿಕ್: ಸಾವಿರಕ್ಕೆ ಬಿಡಿಸಿಕೊಂಡು ಬಂದಿರಿ ತಂಗಿ, ಒಳ್ಳೇದಾಯ್ತು. ತಮ್ಮನಿಗೆ ಹೇಳಿ, ನಮ್ಮ ಗಿರಾಕಿಯೊಬ್ಬರು 2017ರ ಸ್ಪ್ಲೆಂಡರ್ ಕೊಡಬೇಕು ಅಂತಿದ್ದಾರೆ. ಅದರ ಆಯಿಲ್ ನಾನೇ ಬದಲಾಯಿಸುತ್ತಾ ಬಂದಿದ್ದೇನೆ. ಚೈನ್ ಸ್ಪ್ರಾಕೆಟ್ ಹಾಕಿಸಬೇಕು, ಮುಂದಿನ ಫೋರ್ಕಿನ ಎಡ ಸೀಲ್ ಸೋರುತ್ತೆ, ಅದನ್ನು ರೇಟಿನಲ್ಲಿ ಕಳೆಯಲು ಹೇಳುತ್ತೇನೆ. ಆರ್‌ಸಿ ಅವರ ಹೆಸರಲ್ಲೇ ಇದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಇಬ್ಬರೂ ಗ್ಯಾರೇಜಿಗೆ ಬನ್ನಿ, ಕಾಗದ ಪೆನ್ಸಿಲ್ ತನ್ನಿ. ಶನಿವಾರ ರಾತ್ರಿಯೇ ಗಾಡಿ ಇಲ್ಲಿ ತಂದು ನಿಲ್ಲಿಸಲು ಅವರಿಗೆ ಹೇಳಿದ್ದೇನೆ. ನೀವು ಬರುವವರೆಗೆ ಯಾರೂ ಸ್ಟಾರ್ಟ್ ಮಾಡುವುದಿಲ್ಲ.