ಚಿತೆಯ ಮುಂದೆ ಬಂದ ಎಚ್ಚರ ಉಳಿಸಿಕೊಳ್ಳಬೇಕೇ?

ತೋಟದಮನೆ (ಊರು ಶಿರಸಿ ಕಡೆ, ಕೆಲಸ ಕಾರವಾರ):

ಸಾಯುತ್ತೇವೆ ಅಂತ ಗೊತ್ತಿರುವುದು ಬೇರೆ, ಅದು ಮೈಗೆ ಇಳಿಯುವುದು ಬೇರೆ. ಎರಡನೆಯದು ಒಮ್ಮೆ ಆದಮೇಲೆ ಅದನ್ನು ಉಳಿಸಿಕೊಳ್ಳಲು ಬರುತ್ತದೆಯೇ, ಉಳಿಸಿಕೊಳ್ಳಬೇಕೇ? ಇಷ್ಟೇ ನನ್ನ ಪ್ರಶ್ನೆ. ಓದಿ ತಿಳಿದವರೂ ಪಟ್ಟು ತಿಳಿದವರೂ ಇಲ್ಲಿದ್ದೀರಿ ಅಂತ ಕೇಳುತ್ತಿದ್ದೇನೆ.

ಅಪ್ಪಯ್ಯ ಹೋದದ್ದು ಆಷಾಢದ ಮಳೆಯಲ್ಲಿ. ನಮ್ಮ ಕಡೆ ದಹನ ಅವರವರ ಬೆಟ್ಟದಲ್ಲೇ. ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಒಂದು ಹಳೇ ಮಾವಿನಮರ ಇತ್ತು. ಮರದ ವ್ಯಾಪಾರಿಯೊಬ್ಬ ಕೇಳಿದಾಗ ಅಪ್ಪಯ್ಯ, "ಅದು ಕೊಡದಲ್ಲ, ಅದು ನಂಗೆ" ಎಂದಿದ್ದ. ದನಿಯಲ್ಲಿ ಏರಿಳಿತ ಇರಲಿಲ್ಲ. ಆಮೇಲೆ ಅದನ್ನು ಕಡಿಸಿ, ಸೀಳಿಸಿ, ಕಟ್ಟಿಗೆಮನೆಯಲ್ಲಿ ಮಳೆ ತಾಗದ ಮೂಲೆ ನೋಡಿ ಒಟ್ಟಿಸಿದವನೂ ಅವನೇ. ಅದೇ ವರ್ಷ, ಸುಳಿ ಕೊಳೆತು ಸತ್ತ ಅಡಿಕೆಮರಗಳ ಜಾಗದಲ್ಲಿ ಹೊಸ ಸಸಿ ಹಾಕಿಸಿದ. ಫಸಲಿಗೆ ಆರೇಳು ವರ್ಷ ಬೇಕು ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಆ ಕಟ್ಟಿಗೆ ಹೊತ್ತಿಕೊಂಡಾಗ ಸುತ್ತ ನಿಂತವರ ಮುಖಗಳನ್ನು ನೋಡಿದೆ. ತಮ್ಮ, ನೆರೆಮನೆಯವರು, ವರ್ಷಾವರ್ಷ ಅಡಿಕೆ ಕೊನೆ ಕೊಯ್ಯಲು ನಮ್ಮ ಮರ ಹತ್ತುವ ಕೊನೆಗೌಡ. ಇವರೆಲ್ಲ ಹೋಗುವವರು, ನಾನೂ ಹೋಗುವವನು ಅನ್ನುವುದು ಯೋಚನೆಯಾಗಿ ಬರಲಿಲ್ಲ, ಕಣ್ಣಿಗೇ ಕಂಡಿತು. ಕೊನೆಗೌಡನ ಕಿವಿಯ ಹಿಂದೆ ಮಳೆನೀರು ಇಳಿಯುತ್ತಿತ್ತು, ಅದನ್ನು ಒರೆಸಬೇಕು ಅನ್ನಿಸುವಷ್ಟು ಅಕ್ಕರೆ ಬಂತು. ಇದನ್ನು ಸ್ಮಶಾನ ವೈರಾಗ್ಯ ಎಂದು ಬದಿಗಿಡಬೇಡಿ. ವೈರಾಗ್ಯ ಬಂದೇ ಇರಲಿಲ್ಲ, ಬಂದದ್ದು ಅದರ ತದ್ವಿರುದ್ಧ.

ವೈಕುಂಠ ಸಮಾರಾಧನೆ ಮುಗಿಯುವ ತನಕ ಅದು ಜೊತೆಗಿತ್ತು. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬಂದು, ಆಫೀಸು ಶುರುವಾದ ಮೇಲೆ ತೆಳುವಾಯಿತು. ಮತ್ತೊಮ್ಮೆ ಬಂದದ್ದು ನಾಡಕಚೇರಿಯಲ್ಲಿ. ಅಪ್ಪಯ್ಯನ ಜಮೀನು ನಮ್ಮ ಹೆಸರಿಗೆ ಬರುವ ಪೌತಿ ಖಾತೆಗೆ ವಂಶವೃಕ್ಷ ಬೇಕಲ್ಲ, ಆ ಹಾಳೆಯಲ್ಲಿ ಅಪ್ಪಯ್ಯನ ಹೆಸರಿನ ಪಕ್ಕ ಕಂಸದಲ್ಲಿ ‘ಮೃತ’. ಕೆಳಗೆ ಗೆರೆ ಎಳೆದು ನನ್ನ ಹೆಸರು, ವಯಸ್ಸು 51. ತಮ್ಮನದು, ತಂಗಿಯದು. ನನ್ನ ಕೆಳಗೆ ಮಗಳದು. ನನ್ನ ಹೆಸರಿನ ಪಕ್ಕ ಇನ್ನೊಂದು ಕಂಸಕ್ಕೆ ಬೇಕಾದಷ್ಟು ಜಾಗ ಖಾಲಿ ಇತ್ತು. ಬಾಯಿ ಒಣಗಿತು. ಹೊರಗೆ ಝೆರಾಕ್ಸ್ ಅಂಗಡಿಯವ "ಎಷ್ಟು ಕಾಪಿ?" ಅನ್ನುವ ಹೊತ್ತಿಗೆ ಅದೂ ಹೋಗಿತ್ತು. ಈಗ ತಂಗಿ ಹಕ್ಕು ಬಿಟ್ಟುಕೊಡುವ ಸಹಿಗೆ ಬರುವವಳಿದ್ದಾಳೆ, ಆ ಕಾಗದಪತ್ರದ ಓಡಾಟದಲ್ಲಿದ್ದೇನೆ.

ಆ ಎಚ್ಚರ ಕರಗುತ್ತಿರುವುದು ಅಪ್ಪಯ್ಯನನ್ನು ಇನ್ನೊಮ್ಮೆ ಕಳಕೊಂಡ ಹಾಗಾಗಿದೆ. ಏನು ಮಾಡಬೇಕು?

ಕಾಳಿದಂಡೆ (ಕಾರವಾರ):

ಅಣ್ಣಾ, ನಮ್ಮದು ಮೀನುಗಾರರ ಮನೆ. ನೀವು ಹೇಳುವ ಎಚ್ಚರ ದಿನಾ ಇಟ್ಟುಕೊಂಡರೆ ನಮ್ಮಲ್ಲಿ ಯಾರೂ ಬೋಟು ಹತ್ತುವುದಿಲ್ಲ. ನನ್ನ ದೊಡ್ಡಣ್ಣ ಪರ್ಸೀನ್ (ಸುತ್ತುಬಲೆ) ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವ. ಅವನು ಹೊರಡುವಾಗ ಮನೆಯಲ್ಲಿ ಆ ಮಾತು ಎತ್ತುವ ಹಾಗಿಲ್ಲ. ಯಾವಾಗ ಬರುತ್ತೀ ಅಂತ ಕೂಡ ಅಮ್ಮ ಕೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ ಎರಡು ತಿಂಗಳು ಹರಿದ ಬಲೆ ರಿಪೇರಿ ಮಾಡುತ್ತ ಕೂತಾಗ ಸತ್ತವರ ಹೆಸರು ಒಂದೊಂದಾಗಿ ಬರುತ್ತದೆ. ಯಾರ ಬೋಟು, ಯಾವ ಗಾಳಿ, ಕಡೆಗೆ ಎಲ್ಲಿ ಸಿಕ್ಕಿದರು, ಎಲ್ಲ. ನಾರಳೀ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟರು ಅಂದರೆ ಆ ಮಾತು ಬಂದ್.

ಮರೆತಿದ್ದಾರೆ ಅಂತ ತಿಳಿಯಬೇಡಿ. ವೈರ್‌ಲೆಸ್‌ನಲ್ಲಿ ಬೇರೆ ಬೋಟಿನ ಕೂಗು ಬಂದರೆ ಅಣ್ಣ ಮೀನಿನ ಲೆಕ್ಕ ನೋಡುವುದಿಲ್ಲ, ಕೆಲಸ ಅಲ್ಲಿಗೇ ಬಿಟ್ಟು ಹೋಗುತ್ತಾನೆ. ಆ ಹೊತ್ತಿಗೆ ಅವನ ತಲೆಯಲ್ಲಿ ಸಾವು-ಗೀವು ಏನೂ ಇರುವುದಿಲ್ಲ, ಎಂಜಿನ್ನು ಮತ್ತು ದಿಕ್ಕು ಎರಡೇ. ನಿಮಗೆ ಅದು ತಲೆಯಲ್ಲೇ ಇರಬೇಕು ಅಂತ ಯಾಕೆ?

ನಿವೃತ್ತ ಮೇಷ್ಟ್ರು (ಕುಮಟಾ):

ಮೇಲಿನ ತಮ್ಮ ಕೇಳಿದ್ದು ಸರಿಯಾದ ಜಾಗಕ್ಕೇ ತಾಗಿದೆ. ಮಹಾಭಾರತದ ಅರಣ್ಯಪರ್ವದಲ್ಲಿ ಯಕ್ಷ ಧರ್ಮರಾಯನನ್ನು ಕೇಳುತ್ತಾನೆ, ಅತ್ಯಂತ ಆಶ್ಚರ್ಯದ ಸಂಗತಿ ಯಾವುದು ಎಂದು. ದಿನದಿನವೂ ಜೀವಿಗಳು ಯಮನ ಮನೆಗೆ ಹೋಗುತ್ತಿದ್ದರೂ ಉಳಿದವರು ತಾವು ಶಾಶ್ವತವಾಗಿ ಇರಬೇಕೆಂದು ಬಯಸುತ್ತಾರಲ್ಲ, ಅದೇ ಎನ್ನುತ್ತಾನೆ ಧರ್ಮರಾಯ. ಈ ಉತ್ತರವನ್ನು ನಾವು ಹರಿಕಥೆಯಲ್ಲೂ ಭಾಷಣದಲ್ಲೂ ಮೂಢರಿಗೆ ಹೇಳಿದ ಬುದ್ಧಿಮಾತಿನ ಹಾಗೆ ಬಳಸುತ್ತೇವೆ. ಅದನ್ನು ಹೇಳುವಾಗ ಅವನ ನಾಲ್ವರು ತಮ್ಮಂದಿರು ಆ ಕೊಳದ ದಡದಲ್ಲೇ ಹೆಣವಾಗಿ ಬಿದ್ದಿದ್ದರು ಅನ್ನುವುದನ್ನು ಬಿಟ್ಟುಬಿಡುತ್ತೇವೆ. ನಿಮ್ಮ ಹಾಗೆ ಅವನೂ ಸಾವನ್ನು ಕಣ್ಣೆದುರೇ ಇಟ್ಟುಕೊಂಡು ಮಾತಾಡುತ್ತಿದ್ದ.

ಮುಂದಿನದನ್ನು ಗಮನಿಸಿ. ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದಾಗ ಅವನು ಭೀಮನನ್ನೂ ಕೇಳಲಿಲ್ಲ, ಅರ್ಜುನನನ್ನೂ ಕೇಳಲಿಲ್ಲ. ನಕುಲನನ್ನು ಕೇಳಿದ. ಕುಂತಿಯ ಮಗನಾಗಿ ನಾನು ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದ. ಮಾದ್ರಿ ಆಗ ಬದುಕಿಯೂ ಇರಲಿಲ್ಲ. ನನ್ನ ಮಟ್ಟಿಗೆ ಆ ಎಚ್ಚರದ ಅಳತೆ ಇದೇ. ಅದು ಎಷ್ಟು ದಿನ ಎದೆಯಲ್ಲಿ ಉಳಿಯಿತು ಎನ್ನುವುದಕ್ಕಿಂತ, ಅದು ಇದ್ದಾಗ ಯಾರ ಪಾಲನ್ನು ನೆನೆದೆವು ಎನ್ನುವುದು ದೊಡ್ಡದು.

ಇನ್ನೊಂದು, ನಿಮ್ಮ ಕಾರವಾರದ್ದೇ. 1883ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿದ್ದಾಗ ಒಂದು ನಾಟಕ ಬರೆದರು. ಆಗ ಅವರಿಗೆ ಇಪ್ಪತ್ತೆರಡು. ಲೋಕದ ನಂಟು ಗೆದ್ದೆನೆಂದುಕೊಂಡ ಸನ್ಯಾಸಿಯೊಬ್ಬ, ತನ್ನನ್ನು ಹಚ್ಚಿಕೊಂಡ ಅನಾಥ ಹುಡುಗಿಗೆ ಹೆದರಿ ಓಡಿಹೋಗುತ್ತಾನೆ. ಮನಸ್ಸು ತಿರುಗಿ ವಾಪಸು ಬಂದಾಗ ಅವಳು ಸತ್ತಿರುತ್ತಾಳೆ. ನೀವು ಕೊನೆಗೌಡನ ಕಿವಿಯ ಹಿಂದೆ ಕಂಡದ್ದನ್ನು ಆ ಸನ್ಯಾಸಿ ತಡವಾಗಿ ಕಂಡ. ನೀವು ತಡಮಾಡಿಲ್ಲ, ಜನ ಇನ್ನೂ ಇದ್ದಾರೆ.

ಸಿದ್ದಾಪುರದವಳು:

ಮೇಷ್ಟ್ರೇ, ನಿಮ್ಮ ಮಾತು ಚೆಂದ ಇದೆ, ಆದರೆ ಪೂರ್ತಿ ಒಪ್ಪಲಾರೆ. ಎಚ್ಚರ ಉಳಿಯದಿದ್ದರೂ ನಡೆದೀತು ಅನ್ನುವವರು ಅದು ನಿಜವಾಗಿ ಹೋದ ಮನೆಯನ್ನು ನೋಡಬೇಕು.

ನಮ್ಮ ಆಯಿಗೆ ಮರೆವಿನ ಕಾಯಿಲೆ. ಅಪ್ಪಯ್ಯ ತೀರಿಕೊಂಡದ್ದು ಅವಳ ನೆನಪಿನಲ್ಲಿ ನಿಲ್ಲುವುದಿಲ್ಲ. ಸಂಜೆ ಆಯಿತೆಂದರೆ "ಇವ್ರು ಇನ್ನೂ ಬರ್ಲಿಲ್ವಾ?" ಅಂತ ಶುರು. ಮೊದಮೊದಲು ನಿಜ ಹೇಳುತ್ತಿದ್ದೆವು. ಪ್ರತಿ ಸಲವೂ ಆಗಷ್ಟೇ ಸುದ್ದಿ ಬಂದ ಹಾಗೆ ಎದೆ ಬಡಿದುಕೊಂಡು ಅಳುತ್ತಿದ್ದಳು, ಮರುದಿನ ಮತ್ತೆ ಅದೇ ಪ್ರಶ್ನೆ. ಈಗ "ತೋಟಕ್ಕೆ ಹೋಜ" ಅನ್ನುತ್ತೇವೆ. ಸಮಾಧಾನ ಆಗುತ್ತದೆ. ಊಟವಾದ ಮೇಲೆ ಹರಿವಾಣ ಹತ್ತಿರ ಎಳೆದುಕೊಂಡು ಕವಳ ಕಟ್ಟುತ್ತಾಳೆ. ಎಲೆಯ ತೊಟ್ಟು ಮುರಿದು, ಹಿಂಬದಿಯ ನಾರು ಉಗುರಿನಿಂದ ಎಳೆದು, ಸುಣ್ಣ ಸವರಿ, ಹೋಳು ಇಟ್ಟು ಮಡಚಿ ಹರಿವಾಣದ ಅಂಚಿಗೆ ಇಡುತ್ತಾಳೆ. ಅವಳು ಕವಳ ಬಿಟ್ಟು ಎಷ್ಟೋ ಕಾಲವಾಯಿತು. ಅದು ಅಪ್ಪಯ್ಯನಿಗೆ.

ಸಾವು ಗೊತ್ತಿಲ್ಲದವರು ನೆಮ್ಮದಿಯಾಗಿರುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಆಯಿಗೆ ದುಃಖ ಇಲ್ಲ ನಿಜ, ಆದರೆ ಕತ್ತಲಾಗುತ್ತಿದ್ದಂತೆ ಕಾಯುವ ಹೆದರಿಕೆ ಇದೆ, ಅದಕ್ಕೆ ಕೊನೆಯೇ ಇಲ್ಲ. ನಮಗೆ ಅತ್ತು ಮುಗಿಸಲು ಒಂದು ಸಾವು ಸಿಕ್ಕಿತು, ಅವಳಿಗೆ ಅದೂ ಸಿಗಲಿಲ್ಲ. ಆದ್ದರಿಂದ ತೋಟದಮನೆಯವರೇ, ಆ ಎಚ್ಚರ ಬೇಕು ಅಂತ ನೀವು ಹಟ ಹಿಡಿಯುವುದು ತಪ್ಪಲ್ಲ. ನೀವು ಬರೆದದ್ದು ಓದಿದರೆ ಅದು ಹೋದ ಹಾಗೂ ಕಾಣುವುದಿಲ್ಲ. ಸತ್ತುಹೋದ ಎಚ್ಚರಕ್ಕೆ ಯಾರೂ ಹೀಗೆ ಸಂಕಟಪಡುವುದಿಲ್ಲ.

ತೋಟದಮನೆ:

ಎಲ್ಲರಿಗೂ ಉಪಕಾರ. ನಕುಲನ ಪ್ರಸಂಗ ನೂರು ಸಲ ಕೇಳಿದ್ದೆ, ಈ ಸಲ ಓದಿ ನಿದ್ದೆ ಬರಲಿಲ್ಲ. ತಂಗಿಗೆ ಫೋನ್ ಮಾಡಿ, ಸಹಿ ಬೇಡ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ನಿನಗೂ ಸಮಪಾಲು ಇದೆ, ಖಾತೆಗೆ ನಿನ್ನ ಹೆಸರೂ ಸೇರಲಿ ಎಂದೆ. ಅವಳು ಒಪ್ಪುತ್ತಿಲ್ಲ. "ತವರುಮನೆಗೆ ಬಂದು ಹೋಗುವ ಹಕ್ಕು ಸಾಕು" ಅನ್ನುತ್ತಾಳೆ. ತಮ್ಮನ ಜೊತೆ ಇನ್ನೂ ಮಾತಾಗಬೇಕು. ತೋಟ ದುಡಿಯುವವನು ಅವನು, ಅವನಿಗೆ ಹೇಳುವುದು ಸುಲಭವಲ್ಲ.

ಮೇಷ್ಟ್ರೇ, ಇದರಿಂದ ನನ್ನ ಪ್ರಶ್ನೆ ಮುಗಿಯಿತು ಅನ್ನಲಾರೆ. ಪಾಲು ಸರಿ ಮಾಡಿದ ಮಾತ್ರಕ್ಕೆ ಆ ದಿನದ ಕಣ್ಣು ವಾಪಸು ಬರುವುದಿಲ್ಲ, ಅದು ನನಗೆ ಈಗಲೂ ಬೇಕು. ಸಿದ್ದಾಪುರದ ಅಕ್ಕಾ, ಘಟ್ಟ ಹತ್ತಿದಾಗ ನಿಮ್ಮ ಮನೆಗೆ ಬರಬಹುದೇ? ಆಯಿಯನ್ನು ನೋಡಬೇಕು ಅನ್ನಿಸಿದೆ.