ಸವಾರಿಗೆ ಕುದುರೆ ಕೊಳ್ಳುವಾಗ ನೋಂದಣಿ ಪತ್ರವನ್ನು ಎಷ್ಟರಮಟ್ಟಿಗೆ ನೋಡಬೇಕು?

ತೋಟದಮನೆ (ಪ್ರಶ್ನೆ)

ಕನಕಪುರದ ಸಮೀಪ ನಮಗೆ ಐದು ಎಕರೆ ತೋಟವಿದೆ. ನನ್ನ ಮಗಳಿಗೆ 13 ವರ್ಷ. ಎರಡು ವರ್ಷಗಳಿಂದ ಸವಾರಿ ಕಲಿಯುತ್ತಿದ್ದು, ಟ್ರಾಟ್ ಎಂಬ ಬಿರುಸು ನಡಿಗೆಯಲ್ಲಿಯೂ ಕ್ಯಾಂಟರ್ ಎಂಬ ನಿಧಾನ ಓಟದಲ್ಲಿಯೂ ಕುದುರೆಯನ್ನು ಯಾರ ನೆರವೂ ಇಲ್ಲದೆ ಹಿಡಿತದಲ್ಲಿಟ್ಟುಕೊಳ್ಳುತ್ತಾಳೆ. ಅವಳಿಗಾಗಿ ಮನೆಯಲ್ಲೇ ಒಂದು ಕುದುರೆ ಸಾಕೋಣವೆಂದು ಲಾಯವನ್ನೂ ಕಟ್ಟಿಸಿ, ಮೂರು ತಿಂಗಳಿಂದ ಹುಡುಕಿ, ಈಗ ಎರಡು ಕುದುರೆಗಳಲ್ಲಿ ಯಾವುದನ್ನು ತರುವುದೆಂದು ತೋಚದೆ ನಿಂತಿದ್ದೇನೆ.

ಮೊದಲನೆಯದು ಮೂರೂವರೆ ವರ್ಷದ, ಮಾರ್ವಾಡಿ ತಳಿಯ ಹೆಣ್ಣುಗುದುರೆ. ಅದಕ್ಕೆ ನೋಂದಣಿ ಪತ್ರವಿದೆ, ಪತ್ರದಲ್ಲಿ ತಂದೆ ತಾಯಿಗಳ ವಿವರವಿದೆ, ನೋಡಿದರೆ ಕಣ್ಣು ತುಂಬುವಂಥ ರೂಪವಿದೆ. ರಾಜಸ್ಥಾನದಿಂದ ಬಂದು ನಾಲ್ಕು ತಿಂಗಳಾಗಿದೆ, ಬೆನ್ನಿಗೆ ಜೀನು ಹಾಕಿಸಿಕೊಳ್ಳಲು ಕಲಿತು ಎರಡು ತಿಂಗಳಾಗಿದೆ. ಎರಡನೆಯದು ಬೀಜ ತೆಗೆಸಿದ ಗಂಡುಕುದುರೆ. ಸವಾರಿ ಶಾಲೆಯೊಂದರಲ್ಲಿ ಮಕ್ಕಳನ್ನು ಹೊತ್ತು ಪಳಗಿದ್ದು. ಅದು ರೇಸಿನಿಂದ ನಿವೃತ್ತವಾದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಎಂದೂ ವಯಸ್ಸು 11 ಎಂದೂ ಮಾರುವವರು ಹೇಳುತ್ತಾರೆ, ಆದರೆ ಕೈಯಿಂದ ಕೈಗೆ ಹೋಗುವಾಗ ಪಾಸ್‌ಪೋರ್ಟ್ (ಕುದುರೆಯ ಗುರುತಿನ ಪುಸ್ತಿಕೆ) ಕಳೆದುಹೋಯಿತಂತೆ. ಬೆಲೆ ಮೊದಲನೆಯದರ ಮೂರನೇ ಒಂದು ಭಾಗ ಮಾತ್ರ.

ಮಗಳು ಎರಡನೆಯದರ ಮೇಲೆ ಅರ್ಧ ಗಂಟೆ ಕುಳಿತು ಬಂದಾಗಿನಿಂದ ಅದರ ಮಾತನ್ನೇ ಆಡುತ್ತಿದ್ದಾಳೆ. ನನ್ನ ಅಣ್ಣ ಮಾತ್ರ, "ಪತ್ರವಿಲ್ಲದ ಜಮೀನನ್ನು ಯಾರಾದರೂ ಕೊಳ್ಳುತ್ತಾರೆಯೇ? ಪತ್ರವಿಲ್ಲದ ಕುದುರೆಗೆ ಮಾತ್ರ ಏಕೆ ದುಡ್ಡು ಸುರಿಯುತ್ತೀಯೆ?" ಎಂದು ಪಟ್ಟುಹಿಡಿದಿದ್ದಾನೆ. ಈ ಪತ್ರ ಕುದುರೆಯ ಬಗ್ಗೆ ನಿಜವಾಗಿ ಏನನ್ನು ಹೇಳುತ್ತದೆ, ನಮ್ಮಂಥವರಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಹಾಸನದ ಪಶುವೈದ್ಯ

ನಿಮ್ಮ ಅಣ್ಣನವರ ಹೋಲಿಕೆಯನ್ನೇ ಹಿಡಿದು ಹೇಳುತ್ತೇನೆ. ಜಮೀನಿನ ಪತ್ರ ಆ ಜಮೀನು ಯಾರದೆಂದು ಹೇಳುತ್ತದೆಯೇ ಹೊರತು ಮಣ್ಣಿನ ಗುಣವನ್ನಾಗಲಿ, ಬಾವಿಯಲ್ಲಿ ನೀರಿರುವುದನ್ನಾಗಲಿ ಹೇಳುವುದಿಲ್ಲ. ಕುದುರೆಯ ನೋಂದಣಿ ಪತ್ರವೂ ಅಷ್ಟೆ: ಇದು ಯಾವ ಕುದುರೆ, ಯಾವಾಗ ಹುಟ್ಟಿತು, ಯಾರಿಗೆ ಹುಟ್ಟಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಕಾಲು ಗಟ್ಟಿಯಾಗಿದೆಯೇ, ಲಾರಿಯ ಹಾರ್ನ್ ಕೇಳಿದಾಗ ಏನು ಮಾಡುತ್ತದೆ, 13 ವರ್ಷದ ಹುಡುಗಿ ಲಗಾಮನ್ನು ತಪ್ಪಾಗಿ ಎಳೆದರೆ ಸಹಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗಳಿಗೆ ಯಾವ ಪತ್ರದಲ್ಲಿಯೂ ಉತ್ತರವಿಲ್ಲ.

ಆ ಮೂರು ಉತ್ತರಗಳಾದರೂ ಎಷ್ಟು ಗಟ್ಟಿ ಎಂಬುದು ತಳಿಯಿಂದ ತಳಿಗೆ ಬದಲಾಗುತ್ತದೆ. ಥರೋಬ್ರೆಡ್ ತಳಿಯ ವಂಶಾವಳಿಯ ಮೊದಲ ಸಂಪುಟ ಇಂಗ್ಲೆಂಡಿನಲ್ಲಿ 1793ರಲ್ಲಿಯೇ ಅಚ್ಚಾಯಿತು. ಅಂದಿನಿಂದ ಆ ಸರಪಳಿ ಕಡಿದಿಲ್ಲ. ನಮ್ಮ ದೇಶದಲ್ಲಿ ಈ ದಾಖಲೆಯನ್ನು ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ ನಿರ್ವಹಿಸುತ್ತದೆ. ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಹುಟ್ಟಿದರೂ ಸರಿ, ಪಂಜಾಬಿನಲ್ಲಿ ಹುಟ್ಟಿದರೂ ಸರಿ, ಮರಿಯ ತಂದೆ ತಾಯಿ ಇಬ್ಬರೂ ದಾಖಲಾಗಿರಬೇಕು, ಡಿಎನ್‌ಎ ಪರೀಕ್ಷೆಯಲ್ಲಿ ಮರಿ ಅವರದೇ ಎಂದು ತಾಳೆಯಾಗಬೇಕು. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಥರೋಬ್ರೆಡ್ ಎಂದು ದಾಖಲಿಸಿಕೊಳ್ಳುವುದೇ ಇಲ್ಲ. ಮಾರ್ವಾಡಿ ತಳಿಯ ವ್ಯವಸ್ಥಿತ ನೋಂದಣಿ ಆರಂಭವಾದದ್ದು 2009ರಲ್ಲಿ. ಅಲ್ಲಿ ಕುದುರೆಯನ್ನು ತಳಿಯ ಲಕ್ಷಣಗಳೊಂದಿಗೆ ಹೋಲಿಸಿ, ಅಳತೆಗಳನ್ನೂ ಗುರುತುಗಳನ್ನೂ ಬರೆದುಕೊಂಡು, ಚರ್ಮದ ಮೇಲೆ ಶೈತ್ಯಮುದ್ರೆಯಿಂದ (ಅತಿ ತಣ್ಣನೆಯ ಅಚ್ಚಿನಿಂದ) ಸಂಖ್ಯೆ ಹಾಕಿ, ಛಾಯಾಚಿತ್ರ ತೆಗೆಯುತ್ತಾರೆ. ಇದು ಬಹಳ ಒಳ್ಳೆಯ ಕೆಲಸ. ಆದರೆ ಅದು ಇನ್ನೂ ಕೆಲವೇ ತಲೆಮಾರುಗಳ ಲೆಕ್ಕ. ಎರಡು ಶತಮಾನ ದಾಟಿದ ವಂಶಾವಳಿಯನ್ನೂ ಅದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪತ್ರ ಇರುವುದಕ್ಕಿಂತ ಅದು ಎದುರಿಗೆ ನಿಂತಿರುವ ಕುದುರೆಯದೇ ಆಗಿರುವುದು ಮುಖ್ಯ. ನಮ್ಮ ಹಿರಿಯರು ಸುಳಿ ನೋಡಿ ಕುದುರೆಯ ಶುಭಾಶುಭ ಹೇಳುತ್ತಿದ್ದರಲ್ಲವೇ, ಪಾಸ್‌ಪೋರ್ಟಿನ ರೇಖಾಚಿತ್ರದಲ್ಲಿಯೂ ಹಣೆಯ ಸುಳಿ, ಕುತ್ತಿಗೆಯ ಸುಳಿ, ಕಾಲಿನ ಬಿಳುಪು ಎಲ್ಲವನ್ನೂ ಗುರುತಿಸಿರುತ್ತಾರೆ. ಒಂದು ಕುದುರೆಯ ಸುಳಿಗಳು ಇನ್ನೊಂದರಂತಿರುವುದಿಲ್ಲವಾದ್ದರಿಂದ ಅವು ಬೆರಳಚ್ಚಿನಂತೆ ಉಪಯೋಗಕ್ಕೆ ಬರುತ್ತವೆ. ಮಾರ್ವಾಡಿ ಕುದುರೆಯ ಪತ್ರವನ್ನು ಕೈಯಲ್ಲಿ ಹಿಡಿದು ಒಂದೊಂದು ಗುರುತನ್ನೂ ಮೈಮೇಲೆ ಹುಡುಕಿ. ಮುದ್ರೆಯ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಓದಿ.

ಎರಡನೆಯ ಕುದುರೆಯ ಪಾಸ್‌ಪೋರ್ಟ್ ಕಳೆದಿದ್ದರೂ ದಾರಿ ಮುಚ್ಚಿಲ್ಲ. ರೇಸು ಕುದುರೆಗಳಿಗೆ ಕುತ್ತಿಗೆಯ ಎಡಭಾಗದಲ್ಲಿ, ಕೇಸರದ ಬುಡದಲ್ಲಿ ಮೈಕ್ರೋಚಿಪ್ ಹಾಕಿರುತ್ತಾರೆ. ರೀಡರ್ ಇರುವ ವೈದ್ಯರನ್ನು ಕರೆದೊಯ್ದು ಓದಿಸಿದರೆ 15 ಅಂಕಿಗಳ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯಿಂದ ಕುದುರೆಯ ಹೆಸರು ತಿಳಿದರೆ ಅದು ಓಡಿದ ರೇಸುಗಳ ವಿವರವೂ ಸಿಕ್ಕೀತು. ಎಲ್ಲಿ ಗೆದ್ದಿತೆಂಬುದು ನಿಮಗೆ ಬೇಕಾಗಿಲ್ಲ. ಎಲ್ಲಿ ಓಡದೆ ನಿಂತಿತ್ತೆಂಬುದನ್ನು ನೋಡಿ. ಸಾಲಾಗಿ ಓಡುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ಎಂಟು ಹತ್ತು ತಿಂಗಳು ಮಾಯವಾಗಿದ್ದರೆ, ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಹರಿದಿತ್ತೇ ಎಂದು ನಾನು ಮೊದಲು ಆ ಕಾಲನ್ನು ಮುಟ್ಟಿ ನೋಡುತ್ತೇನೆ.

ಕೊನೆಯದಾಗಿ, ನೀವು ಕೇಳದೇ ಇದ್ದ ಇನ್ನೊಂದು ಪತ್ರವಿದೆ. ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆಯ ವರದಿಯಿಲ್ಲದೆ ಈ ಎರಡರಲ್ಲಿ ಯಾವ ಕುದುರೆಯನ್ನೂ ಲಾಯಕ್ಕೆ ತರಬೇಡಿ. ಈ ರೋಗ ಕುದುರೆಯಿಂದ ಮನುಷ್ಯನಿಗೆ ಹರಡುತ್ತದೆ, ಇದಕ್ಕೆ ಲಸಿಕೆಯಿಲ್ಲ, ಸೋಂಕು ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಬೇಕಾಗುತ್ತದೆ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ನಿಮ್ಮ ತಾಲ್ಲೂಕಿನ ಪಶುವೈದ್ಯರ ಮೂಲಕ ಮಾದರಿಯನ್ನು ಕಳುಹಿಸುವ ಕ್ರಮವನ್ನು ವಿಚಾರಿಸಿ. ವಂಶಾವಳಿಯಿಲ್ಲದೆ ಒಬ್ಬ ಹುಡುಗಿ ಸುಖವಾಗಿ ಸವಾರಿ ಮಾಡಬಲ್ಲಳು, ಈ ವರದಿಯಿಲ್ಲದೆ ಮಾಡಬಾರದು.

ಬೆಳಗಾವಿಯ ಲಾಯ

ನಾನು ಹದಿನಾರು ವರ್ಷಗಳಿಂದ ಮಾರ್ವಾಡಿ ಕುದುರೆಗಳನ್ನು ಸಾಕುತ್ತಿದ್ದೇನೆ. ಡಾಕ್ಟರು ಹೇಳಿದ್ದೆಲ್ಲ ಸರಿಯಾದರೂ ಪತ್ರವನ್ನು ಬರಿಯ ಗುರುತಿನ ಚೀಟಿಯಂತೆ ಕಾಣುವುದನ್ನು ನಾನು ಒಪ್ಪಲಾರೆ. ಸಂಸ್ಥಾನಗಳು ಹೋದ ಮೇಲೆ ಈ ತಳಿಯನ್ನು ಕೇಳುವವರೇ ಇಲ್ಲದಂತಾಗಿ, ಕಂಡ ಕಂಡ ಕುದುರೆಯೊಂದಿಗೆ ಬೆರೆಸಿದ್ದರಿಂದ ಅದು ನಶಿಸುವ ಅಂಚಿಗೆ ಬಂದಿತ್ತು. ಒಳಮುಖವಾಗಿ ಬಾಗಿ ತುದಿ ಕೂಡುವ ಕಿವಿಗಳನ್ನು ಕಂಡೊಡನೆ ಮಾರ್ವಾಡಿ ಎನ್ನುವವರಿದ್ದಾರೆ, ಆದರೆ ಗುಜರಾತಿನ ಕಾಠಿಯಾವಾಡಿ ಕುದುರೆಗೂ ಅಂಥದೇ ಕಿವಿಗಳಿವೆ, ಮಿಶ್ರತಳಿಗೂ ಬರುತ್ತವೆ. ನೋಂದಣಿಯಾದ ಹೆಣ್ಣುಗುದುರೆಗೆ ನೋಂದಣಿಯಾದ ಗಂಡುಕುದುರೆಯನ್ನು ಕೂಡಿಸಿ, ಮರಿಯನ್ನೂ ದಾಖಲಿಸುತ್ತ ಹೋದರೆ ಮಾತ್ರ ಈ ತಳಿ ನಮ್ಮ ಮೊಮ್ಮಕ್ಕಳಿಗೆ ಉಳಿಯುತ್ತದೆ. ಆದ್ದರಿಂದ ಹೆಣ್ಣುಗುದುರೆಯನ್ನು ಕೊಂಡು ಮುಂದೆ ಮರಿ ಮಾಡಿಸುವ ಆಲೋಚನೆಯಿದ್ದರೆ ಪತ್ರವೇ ಮೊದಲು, ಉಳಿದದ್ದು ಆಮೇಲೆ. ಬೀಜ ತೆಗೆಸಿದ ಕುದುರೆಯ ಮಾತು ಬೇರೆ. ಅದರ ವಂಶ ಅದರೊಂದಿಗೇ ಮುಗಿಯುತ್ತದೆ.

ಪತ್ರವನ್ನು ತಾಳೆ ನೋಡದೆ ನಾನು ಮೋಸಹೋದದ್ದನ್ನೂ ಹೇಳಿಬಿಡುತ್ತೇನೆ. ಆರಂಭದ ವರ್ಷಗಳಲ್ಲಿ ಒಂದು ಜಾತ್ರೆಯಲ್ಲಿ ಒಬ್ಬ ದಲ್ಲಾಳಿಯಿಂದ ಪತ್ರಸಮೇತ ಕೆಂಪು ಹೆಣ್ಣುಗುದುರೆಯೊಂದನ್ನು ಕೊಂಡೆ. ಮನೆಗೆ ಬಂದು ಬೆಳಕಿನಲ್ಲಿ ನೋಡಿದರೆ ಪತ್ರದಲ್ಲಿ ಹಿಂಗಾಲುಗಳೆರಡೂ ಬಿಳಿ, ಲಾಯದಲ್ಲಿದ್ದ ಕುದುರೆಗೆ ಒಂದೇ ಬಿಳಿ. ಪತ್ರ ಸತ್ತುಹೋದ ಅದರ ಅಕ್ಕನದೆಂದು ಬಳಿಕ ತಿಳಿಯಿತು. ಕುದುರೆ ಒಳ್ಳೆಯದೇ ಆಗಿತ್ತು, ಆದರೆ ಅದರ ಯಾವ ಮರಿಯನ್ನೂ ನಾನು ದಾಖಲಿಸಲಾಗಲಿಲ್ಲ.

ಇನ್ನು ನಿಮ್ಮ ಮಗಳ ವಿಷಯ. ಈ ತಳಿಯನ್ನು ಪ್ರಾಣದಂತೆ ಪ್ರೀತಿಸುವ ನಾನೇ, ಎರಡು ತಿಂಗಳ ಹಿಂದೆ ಜೀನು ಕಂಡ ಮೂರೂವರೆ ವರ್ಷದ ಮಾರ್ವಾಡಿಯನ್ನು ಎರಡು ವರ್ಷ ಸವಾರಿ ಕಲಿತ ಮಗುವಿಗೆ ಕೊಡುವುದಿಲ್ಲ. ಕುದುರೆಗೂ ಗೊತ್ತಿಲ್ಲ, ಸವಾರಳಿಗೂ ಗೊತ್ತಿಲ್ಲ ಎಂದಾದರೆ ಇಬ್ಬರಿಗೂ ಪೆಟ್ಟು. ಐದು ವರ್ಷ ಕಳೆದ ಮೇಲೆ ನನ್ನಲ್ಲಿಗೆ ಬನ್ನಿ, ಆಗ ಪತ್ರದ ಮಾತನ್ನು ಕುಳಿತು ಆಡೋಣ.

ಟೆಕ್ಸಾಸ್ ಕನ್ನಡತಿ

ವಂಶಾವಳಿಯನ್ನು ಹೆಮ್ಮೆಗಾಗಿ ಮಾತ್ರವಲ್ಲ, ಎಚ್ಚರಿಕೆಗಾಗಿಯೂ ಓದಬೇಕೆಂಬುದಕ್ಕೆ ಇಲ್ಲಿಯ ಒಂದು ಉದಾಹರಣೆ ಕೊಡುತ್ತೇನೆ. 1969ರಲ್ಲಿ ಹುಟ್ಟಿದ ಇಂಪ್ರೆಸಿವ್ ಎಂಬ, ಕ್ವಾರ್ಟರ್ ಹಾರ್ಸ್ ಎನ್ನುವ ಅಮೆರಿಕದ ತಳಿಯ ಗಂಡುಕುದುರೆ ತನ್ನ ಮಾಂಸಖಂಡಗಳ ಅಂದದಿಂದ ಪ್ರದರ್ಶನಗಳಲ್ಲಿ ಹೆಸರು ಮಾಡಿತು, ಎಲ್ಲರೂ ಅದರ ಸಂತಾನಕ್ಕೆ ಮುಗಿಬಿದ್ದರು. ಆ ಸಂತಾನದೊಂದಿಗೆ ಎಚ್‌ವೈಪಿಪಿ ಎಂಬ ಆನುವಂಶಿಕ ರೋಗವೂ ಹರಡಿತು. ಈ ರೋಗವಿರುವ ಕುದುರೆಯ ಸ್ನಾಯುಗಳು ಇದ್ದಕ್ಕಿದ್ದಂತೆ ನಡುಗುತ್ತವೆ, ಕೆಲವೊಮ್ಮೆ ಕುದುರೆ ನಿಂತಲ್ಲೇ ಕುಸಿಯುತ್ತದೆ. ಬೆನ್ನ ಮೇಲೆ ಮಗುವಿದ್ದಾಗ ಹಾಗಾದರೆ ಏನಾದೀತೆಂದು ಯೋಚಿಸಿ. ತಂದೆಯಿಂದಲೋ ತಾಯಿಯಿಂದಲೋ ಒಂದು ದೋಷಯುಕ್ತ ಜೀನ್ ಬಂದರೂ ಸಾಕು, ರೋಗ ಕಾಣಿಸಿಕೊಳ್ಳಬಹುದು. ಎರಡೂ ಕಡೆಯಿಂದ ಪಡೆದ ಮರಿಗಳನ್ನು ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ ನೋಂದಣಿಯಿಂದ ಹೊರಗಿಟ್ಟದ್ದು 2007ರಿಂದ ಹುಟ್ಟಿದ ಮರಿಗಳಿಗೆ ಮಾತ್ರ. ಅಲ್ಲಿಯವರೆಗೆ ಅಂಥ ಕುದುರೆಗಳಿಗೂ ನೋಂದಣಿ ಪತ್ರ ಸಿಗುತ್ತಿತ್ತು. ಹೀಗಾಗಿ ಇಲ್ಲಿ ಕ್ವಾರ್ಟರ್ ಹಾರ್ಸ್ ಕೊಳ್ಳುವಾಗ ಪತ್ರದಲ್ಲಿ ಆ ಹೆಸರು ಕಂಡರೆ ಜೀನ್ ಪರೀಕ್ಷೆಯ ಫಲಿತಾಂಶವನ್ನು ಕೇಳುತ್ತೇವೆ. ಪತ್ರವಿಲ್ಲದಿದ್ದರೆ ಕೇಳಬೇಕೆಂಬುದೇ ತಿಳಿಯುತ್ತಿರಲಿಲ್ಲ.

ತೋಟದಮನೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಾಕ್ಟರು ಹೇಳಿದಂತೆ ಸ್ಥಳೀಯ ಪಶುವೈದ್ಯರೊಬ್ಬರನ್ನು ಕರೆದುಕೊಂಡು, ಮುಂಚಿತವಾಗಿ ತಿಳಿಸದೆ, ಭಾನುವಾರ ಬೆಳಿಗ್ಗೆ ಎರಡನೆಯ ಕುದುರೆಯನ್ನು ನೋಡಿಬಂದೆ. ಮೈಕ್ರೋಚಿಪ್ ಸಿಕ್ಕಿತು. ಸಂಖ್ಯೆಯನ್ನು ಬರೆದುಕೊಂಡು ಪುಣೆಗೆ ಪತ್ರ ಬರೆದಿದ್ದೇನೆ, ಉತ್ತರಕ್ಕಾಗಿ ಕಾಯುತ್ತಿದ್ದೇನೆ. ಗ್ಲ್ಯಾಂಡರ್ಸ್ ಪರೀಕ್ಷೆಗೆ ರಕ್ತವನ್ನೂ ತೆಗೆಸಿದೆ. ಗಟ್ಟಿ ನೆಲದ ಮೇಲೆ ಟ್ರಾಟ್ ಮಾಡಿಸಿದಾಗ ಕುಂಟಲಿಲ್ಲ. ಎಡ ಮುಂಗಾಲಿನ ಹಿಂಬದಿಯಲ್ಲಿ ಹಳೆಯ ಊತದ ಗಟ್ಟಿ ಗುರುತಿದೆ, ಒತ್ತಿದರೆ ನೋವಿಲ್ಲ, ಬಿಸಿಯೂ ಇಲ್ಲ.

ಆದರೆ ಹಲ್ಲು ನೋಡಿದ ವೈದ್ಯರು ವಯಸ್ಸು 11 ಇರಲಾರದು ಎಂದರು. ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನ ಮೇಲಿರುವ ಗೀರು ಅರ್ಧಕ್ಕೆ ಇಳಿದಿದೆಯಂತೆ. ಮಾರುವವರನ್ನು ಕೇಳಿದರೆ, ತಮಗೆ ಕೊಟ್ಟವರು ಹಾಗೆ ಹೇಳಿದ್ದರು ಎಂದರು. ಕುದುರೆಯ ಸ್ವಭಾವದ ಬಗ್ಗೆ ನನಗೀಗ ಸಂಶಯವಿಲ್ಲ. ವೈದ್ಯರು ಬಾಯಿಗೆ ಕೈ ಹಾಕಿದಾಗಲೂ ಮಗಳ ಭುಜದ ಮೇಲೆ ಮೂತಿಯಿಟ್ಟುಕೊಂಡು ನಿಂತಿತ್ತು. ವಯಸ್ಸನ್ನು ತಪ್ಪಾಗಿ ಹೇಳಿದ ಮೇಲೆಯೂ ಕೊಳ್ಳಬಹುದೇ?

ಹಾಸನದ ಪಶುವೈದ್ಯ

ಆ ಗೀರು ಸಾಮಾನ್ಯವಾಗಿ ಹತ್ತನೆಯ ವರ್ಷದ ಹೊತ್ತಿಗೆ ಒಸಡಿನ ಬಳಿ ಕಾಣಿಸಿಕೊಂಡು, ಹದಿನೈದಕ್ಕೆ ಹಲ್ಲಿನ ಅರ್ಧಕ್ಕೂ ಇಪ್ಪತ್ತಕ್ಕೆ ತುದಿಗೂ ಮುಟ್ಟುತ್ತದೆ. ಮೇವು ಮತ್ತು ಕಚ್ಚುವ ಅಭ್ಯಾಸದಿಂದ ಒಂದೆರಡು ವರ್ಷ ಹೆಚ್ಚು ಕಡಿಮೆಯಾಗಬಹುದು, ಆದರೆ 11ಕ್ಕೂ 15ಕ್ಕೂ ಇರುವ ಅಂತರ ಅದರಲ್ಲಿ ಮುಚ್ಚಿಹೋಗುವುದಿಲ್ಲ. ಪಾಸ್‌ಪೋರ್ಟ್ ಇದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ, ಆ ಮಟ್ಟಿಗೆ ನಿಮ್ಮ ಅಣ್ಣನವರ ಮಾತನ್ನು ನಾನು ಗೌರವಿಸುತ್ತೇನೆ.

ಹಾಗಿದ್ದರೂ ಕೊಳ್ಳಬಹುದೆಂಬುದೇ ನನ್ನ ಅಭಿಪ್ರಾಯ. ಚೆನ್ನಾಗಿ ಸಾಕಿದ ಕುದುರೆ 25 ರಿಂದ 30 ವರ್ಷ ಬದುಕುತ್ತದೆ. ಮಗಳ ಶಾಲೆ ಮುಗಿಯುವವರೆಗೆ ಈ ಕುದುರೆ ಹಗುರವಾದ ಸವಾರಿಗೆ ಒದಗೀತು, ಆಮೇಲೆ ಅದನ್ನು ನೀವು ಸುಮ್ಮನೆ ಮೇಯಿಸಬೇಕಾಗುತ್ತದೆ ಎಂಬುದನ್ನು ಮಾತ್ರ ಈಗಲೇ ಒಪ್ಪಿಕೊಂಡಿರಿ. ಹಳೆಯ ಊತವಿರುವ ಕಾಲಿಗೆ ಜಿಗಿತದ ಅಭ್ಯಾಸ ಬೇಡ. ಹಲ್ಲುಗಳ ಚೂಪಾದ ಅಂಚುಗಳನ್ನು ವರ್ಷಕ್ಕೆ ಎರಡು ಬಾರಿ ಪರೀಕ್ಷಿಸಿ ಉಜ್ಜಿಸಿ, ಇಲ್ಲದಿದ್ದರೆ ಹುಲ್ಲನ್ನು ಸರಿಯಾಗಿ ಅಗಿಯಲಾಗದೆ ಹೊಟ್ಟೆಶೂಲೆ ಬರಬಹುದು. ರಕ್ತ ತೆಗೆಸಿದ್ದೀರಲ್ಲ, ನೋವುನಿವಾರಕ ಔಷಧದ ಅಂಶವಿದೆಯೇ ಎಂದೂ ಪರೀಕ್ಷಿಸಲು ಸಾಧ್ಯವಿದ್ದರೆ ಮಾಡಿಸಿ. ಕುಂಟುವ ಕುದುರೆಯನ್ನು ಎರಡು ದಿನ ನೇರವಾಗಿ ನಡೆಸುವ ಔಷಧಗಳಿವೆ.

ವರದಿಗಳು ಬಂದು ಎಲ್ಲವೂ ಸರಿಯಾಗಿದ್ದರೆ ಛಾಪಾ ಕಾಗದದ ಮೇಲೆ ಮಾರಾಟದ ಕರಾರು ಬರೆಸಿ. ಅದರಲ್ಲಿ ಬಣ್ಣ, ಎತ್ತರ, ಪ್ರತಿಯೊಂದು ಸುಳಿಯ ಸ್ಥಾನ, ಮೈಕ್ರೋಚಿಪ್ ಸಂಖ್ಯೆ ಎಲ್ಲವೂ ಇರಲಿ, ನಾಲ್ಕು ಕಡೆಯಿಂದ ತೆಗೆದ ಚಿತ್ರಗಳನ್ನು ಲಗತ್ತಿಸಿ, ಕುದುರೆ ತಮ್ಮದೇ ಎಂದು ಮಾರುವವರು ಬರೆದು ರುಜು ಹಾಕಲಿ. ವಯಸ್ಸಿನ ಜಾಗದಲ್ಲಿ 11 ಎಂದು ಬರೆಯಲು ಬಿಡಬೇಡಿ. ಹಲ್ಲಿನ ಪ್ರಕಾರ ಸುಮಾರು 15 ಎಂದು ಬರೆಸಿ, ಬೆಲೆಯನ್ನೂ ಆ ವಯಸ್ಸಿಗೆ ತಕ್ಕಂತೆ ಮಾತನಾಡಿ.